ಬ್ರೇಕ್ ಆಯಿಲ್ ಲೆವೆಲ್ ಫುಲ್ ಇದ್ದರೆ ಸಾಲದು

ಸ್ವಂತ ಗಾಡಿಯನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನ, ಅಂದರೆ ಟ್ರ್ಯಾಕ್ ಡೇ, ಹತ್ತಿರ ಬಂತೆಂದರೆ ನಮ್ಮ ಗ್ಯಾರೇಜಿಗೆ ಫೋನ್ ಜಾಸ್ತಿಯಾಗುತ್ತದೆ. ಯಾವ ಟೈರ್ ಹಾಕಿಸಲಿ? ಎಕ್ಸಾಸ್ಟ್ ಬದಲಾಯಿಸಿದರೆ ಎಷ್ಟು ಪವರ್ ಬರುತ್ತೆ? ಪವರ್ ಹೆಚ್ಚಿಸಲು ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾಯಿಸುವ ಸ್ಟೇಜ್ ಒನ್ ರೀಮ್ಯಾಪ್ ಈಗಲೇ ಮಾಡಿಸಲಾ? ಎಲ್ಲ ಕೇಳಿಸಿಕೊಂಡು ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಬ್ರೇಕ್ ಆಯಿಲ್ ಕೊನೆಗೆ ಬದಲಾಯಿಸಿದ್ದು ಯಾವಾಗ?

"ಲೆವೆಲ್ ಫುಲ್ ಇದೆಯಲ್ಲ ಅಣ್ಣ."

ಇವರು ಓದಿದವರು. ಇಂಜಿನಿಯರ್‌ಗಳು, ಡಾಕ್ಟರ್‌ಗಳು, ಲಕ್ಷಗಟ್ಟಲೆ ಕೊಟ್ಟು ಗಾಡಿ ತಗೊಂಡು ಅದರ ಟಾರ್ಕ್ ಗ್ರಾಫ್ ಬಾಯಿಪಾಠ ಮಾಡಿದವರು. ಆದರೂ ಉತ್ತರ ಮಾತ್ರ ಇದೇ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡೋಣ ಅಂತ ಕೂತೆ.

ಮೊದಲೇ ಹೇಳಿಬಿಡುತ್ತೇನೆ, ಟ್ರ್ಯಾಕ್ ಹುಚ್ಚು ತಪ್ಪು ಅನ್ನುವವನು ನಾನಲ್ಲ. 2021ರಲ್ಲಿ ಬಿಎಂಡಬ್ಲ್ಯೂ ಎಂ340ಐ ಚೆನ್ನೈನಲ್ಲೇ ಜೋಡಣೆಯಾಗಿ ಬಂತು. 387 ಹಾರ್ಸ್‌ಪವರ್, ಸೊನ್ನೆಯಿಂದ ನೂರಕ್ಕೆ 4.4 ಸೆಕೆಂಡ್. ಅದಕ್ಕೂ ಮೊದಲು, 2020ರಲ್ಲಿ, ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಬಂದಿತ್ತು. ಇಡೀ ದೇಶಕ್ಕೆ ಬರೀ 200 ಗಾಡಿ. ಇಂಥದ್ದನ್ನು ಮನೆಗೆ ತಂದವರು ಬೆಂಗಳೂರಿನಲ್ಲಿ ಏನು ಮಾಡಬೇಕು ಹೇಳಿ? ಹೆಬ್ಬಾಳ ಫ್ಲೈಓವರ್ ಮೇಲೆ ತೆವಳಬೇಕು. ಹಂಪ್ ಬಂದಾಗಲೆಲ್ಲ ಗಾಡಿಯ ಹೊಟ್ಟೆ ಉಜ್ಜುತ್ತಾ ಅಂತ ಉಸಿರು ಬಿಗಿಹಿಡಿಯಬೇಕು. ಮೈಸೂರು ಹೆದ್ದಾರಿಗೆ ಹೋದರೆ ನೂರರ ಮಿತಿ, ತಲೆ ಮೇಲೆ ಕ್ಯಾಮೆರಾ. ಮಿತಿ ಇರಬೇಕಾದದ್ದೇ, ನನ್ನ ತಕರಾರಿಲ್ಲ. ಆದರೆ ಗಾಡಿಯ ಕಾಲು ಭಾಗವೂ ಬಳಕೆಯಾಗುವುದಿಲ್ಲ ಅನ್ನುವ ಕೊರಗು ನಿಜವಾದದ್ದು.

ಹಾಗಾಗಿ ಭಾನುವಾರ ಬೆಳಗಿನ ಜಾವ ಎದ್ದು, ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಶ್ರೀಪೆರಂಬದೂರಿನ ಹತ್ತಿರದ ಇರುಂಗಾಟ್ಟುಕೋಟೈಗೆ ಹೋಗುತ್ತಾರೆ. ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್‌ನ ಟ್ರ್ಯಾಕ್ ಅದು. 1990ರಲ್ಲಿ ಶುರುವಾಯಿತು. ಒಂದು ಸುತ್ತು ಸುಮಾರು 3.7 ಕಿ.ಮೀ., 12 ತಿರುವು. ಕೆಲವರು ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಹೋಗುತ್ತಾರೆ. ಅದು ಚಿಕ್ಕದು, ಎರಡು ಕಿ.ಮೀ. ಮೇಲೆ ಸ್ವಲ್ಪ.

ವೇಗಕ್ಕೋಸ್ಕರ ಹೋಗುತ್ತಾರೆ ಅಂತ ಮನೆಯವರು ಅಂದುಕೊಳ್ಳುತ್ತಾರೆ. ನಾನು ಕಂಡಂತೆ ವೇಗದ ಖುಷಿ ಮೊದಲ ಸಲಕ್ಕೇ ಮುಗಿಯುತ್ತದೆ. ಅವರನ್ನು ಮತ್ತೆ ಮತ್ತೆ ಎಳೆಯುವುದು ಬೇರೆಯೇ. ರಸ್ತೆಯಲ್ಲಿ ಒಂದು ತಿರುವು ತಪ್ಪಾಗಿ ತಗೊಂಡರೆ ಅಷ್ಟೇ, ಅದು ಹೋಯಿತು. ಟ್ರ್ಯಾಕ್‌ನಲ್ಲಿ ಅದೇ ತಿರುವು ಎರಡು ನಿಮಿಷದಲ್ಲಿ ಮತ್ತೆ ಎದುರಿಗೆ ಬರುತ್ತದೆ. ಎದುರಿನಿಂದ ಲಾರಿ ಬರುವುದಿಲ್ಲ, ಅಡ್ಡ ಹಸು ಬರುವುದಿಲ್ಲ. ಈ ಸಲ ಸ್ವಲ್ಪ ತಡವಾಗಿ ತಿರುಗಿಸೋಣ, ಮುಂದಿನ ಸಲ ಆಕ್ಸಿಲರೇಟರ್ ಸ್ವಲ್ಪ ಬೇಗ ಕೊಡೋಣ ಅಂತ ತಿದ್ದಿಕೊಳ್ಳುತ್ತಾ ಹೋಗಬಹುದು. ಸಾಯಂಕಾಲ ಅವರ ಮುಖ ನೋಡಬೇಕು. ಬೆವರು, ಧೂಳು, ಊಟ ಮಾಡಿದ್ದಾರೋ ಇಲ್ಲವೋ ನೆನಪಿಲ್ಲ. ಅದರಲ್ಲೂ ಸೆಡಾನ್‌ನವರಿಗೆ ಒಂದು ಗತ್ತು ಇರುತ್ತದೆ. ಶುಕ್ರವಾರ ಮಕ್ಕಳನ್ನು ಸ್ಕೂಲಿಗೆ ಬಿಟ್ಟ ಗಾಡಿ, ಡಿಕ್ಕಿಯಲ್ಲಿ ತರಕಾರಿ ಚೀಲ ತಂದ ಗಾಡಿ, ಭಾನುವಾರ ಎರಡು ಸೀಟಿನ ಗಾಡಿಗಳ ಬೆನ್ನು ಹತ್ತುತ್ತದಲ್ಲ ಅಂತ.

ಆ ತರಕಾರಿ ಚೀಲದ ಗಾಡಿ ಭಾರವೂ ಇದೆ. ಸಮಸ್ಯೆ ಶುರುವಾಗುವುದೇ ಅಲ್ಲಿ.

1,700 ಕೆ.ಜಿ. ಗಾಡಿ ಗಂಟೆಗೆ 180 ಕಿ.ಮೀ.ನಲ್ಲಿದೆ ಅಂತಿಟ್ಟುಕೊಳ್ಳಿ. ತಿರುವಿಗೆ ಅದನ್ನು 80ಕ್ಕೆ ಇಳಿಸಬೇಕು. ಹೋಗಬೇಕಾದ ಶಕ್ತಿ ಸುಮಾರು 17 ಲಕ್ಷ ಜೂಲ್. ಐದು ಲೀಟರ್ ತಣ್ಣೀರು ಕುದಿ ಬರಲು ಇಷ್ಟು ಶಾಖ ಸಾಕು. ಒಲೆ ಮೇಲೆ ಅದಕ್ಕೆ ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು. ಇಲ್ಲಿ ಅದು ಮೂರ್ನಾಲ್ಕು ಸೆಕೆಂಡಿನಲ್ಲಿ ಆಗುತ್ತದೆ. ಸ್ವಲ್ಪ ಗಾಳಿಯ ತಡೆಗೆ ಹೋಗಬಹುದು, ಉಳಿದದ್ದೆಲ್ಲ ಚಕ್ರದ ಜೊತೆ ತಿರುಗುವ ಡಿಸ್ಕ್ ಮತ್ತು ಅದನ್ನು ಉಜ್ಜಿ ಹಿಡಿಯುವ ಪ್ಯಾಡ್‌ಗೆ. ಅದು ಆರುವ ಮೊದಲೇ ಮುಂದಿನ ತಿರುವು. ಒಂದು ಸುತ್ತಿನಲ್ಲಿ ಹೀಗೆ ಹಲವು ಸಲ, ಒಂದು ಸೆಷನ್‌ನಲ್ಲಿ ಹಲವು ಸುತ್ತು. ನಂದಿ ಬೆಟ್ಟ ಇಳಿಯುವಾಗ ಏನೂ ಆಗಲಿಲ್ಲ ಅನ್ನುವ ಮಾತು ಇಲ್ಲಿ ಲೆಕ್ಕಕ್ಕಿಲ್ಲ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ.

ಆ ಶಾಖ ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನಿಂದ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿಸ್ಟನ್‌ಗೆ, ಪಿಸ್ಟನ್ ಹಿಂದಿರುವ ಬ್ರೇಕ್ ಆಯಿಲ್‌ಗೆ ಇಳಿಯುತ್ತದೆ. ಈಗ ಮುಖ್ಯ ವಿಷಯ. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಬ್ರೇಕ್ ಆಯಿಲ್‌ಗೆ ಡಾಟ್ ಅಂತ ದರ್ಜೆ ಇರುತ್ತದೆ. ನಮ್ಮ ಗಾಡಿಗಳಲ್ಲಿರುವ ಡಾಟ್ 3, ಡಾಟ್ 4, ಡಾಟ್ 5.1 ಆಯಿಲ್‌ಗಳು ಗ್ಲೈಕಾಲ್ ಜಾತಿಯವು. ಇವು ನೀರು ಹೀರುತ್ತವೆ. ಗಾಳಿಯ ತೇವ ರಬ್ಬರ್ ಹೋಸ್‌ಗಳ ಮೂಲಕ, ಸೀಲ್‌ಗಳ ಮೂಲಕ, ಬಾನೆಟ್ ಕೆಳಗೆ ಆಯಿಲ್ ತುಂಬುವ ಮೇಲಿನ ಡಬ್ಬಿಯ ಮುಚ್ಚಳದ ಕಡೆಯಿಂದ ಒಳಗೆ ಸೇರುತ್ತಲೇ ಇರುತ್ತದೆ. ಗಾಡಿ ಶೆಡ್ಡಿನಲ್ಲಿ ಸುಮ್ನೆ ನಿಂತಿದ್ದರೂ ಸೇರುತ್ತದೆ. "ಓಡಿದ್ದೇ ಎಂಟು ಸಾವಿರ ಕಿ.ಮೀ." ಅನ್ನುವವರು ಗಮನಿಸಿ, ಇದಕ್ಕೂ ಕಿಲೋಮೀಟರಿಗೂ ಸಂಬಂಧವಿಲ್ಲ. ಕಾಲಕ್ಕೆ ಸಂಬಂಧ. ಮಂಗಳೂರು, ಕಾರವಾರದ ಕಡೆಯ ಗಾಡಿಗಳಲ್ಲಿ ನಾನು ಇನ್ನಷ್ಟು ಹುಷಾರಾಗಿರುತ್ತೇನೆ.

ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅಂತ ಮಾನದಂಡವಿದೆ. ಅದೇ ಆಯಿಲ್‌ಗೆ ಸುಮಾರು ಶೇ. 3.7ರಷ್ಟು ನೀರು ಸೇರಿದರೆ ಆ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ಎಪ್ಪತ್ತೈದು ಡಿಗ್ರಿ ಹೋಯಿತು. ನೋಡುವುದಕ್ಕೆ ಏನೂ ವ್ಯತ್ಯಾಸವಿಲ್ಲ. ಲೆವೆಲ್ ಒಂದು ಗೆರೆಯೂ ಇಳಿದಿರುವುದಿಲ್ಲ. ಊರಿನೊಳಗೆ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ, ಯಾಕೆಂದರೆ ಅಲ್ಲಿ ಅಷ್ಟು ಬಿಸಿಯೇ ಆಗುವುದಿಲ್ಲ. ಟ್ರ್ಯಾಕ್‌ನಲ್ಲಿ ಕ್ಯಾಲಿಪರ್ ಹತ್ತಿರ ಆಯಿಲ್ ಕುದಿಯುತ್ತದೆ, ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಆ ಬಲ ಹಾಗೇ ಪ್ಯಾಡಿಗೆ ಹೋಗುತ್ತದೆ. ಆವಿ ಕುಗ್ಗುತ್ತದೆ. ನೀವು ಪೆಡಲ್ ತುಳಿದಾಗ ಗುಳ್ಳೆ ಕುಗ್ಗುತ್ತದೆ ಅಷ್ಟೇ, ಪ್ಯಾಡ್‌ಗೆ ಏನೂ ತಲುಪುವುದಿಲ್ಲ. ಪೆಡಲ್ ನೇರ ನೆಲ ಮುಟ್ಟುತ್ತದೆ.

ಇನ್ನೊಂದು ಮಾತು, ಇದು ಇನ್ನೂ ಕಡಿಮೆ ಜನಕ್ಕೆ ಗೊತ್ತು. ಇಂಜಿನ್ ಆಯಿಲ್ ಥರ ಬ್ರೇಕ್ ಆಯಿಲ್ ಸುತ್ತಾಡುವುದಿಲ್ಲ. ಪೆಡಲ್ ಒತ್ತಿದಾಗ ಒಂಚೂರು ಮುಂದೆ, ಬಿಟ್ಟಾಗ ಒಂಚೂರು ಹಿಂದೆ. ಕ್ಯಾಲಿಪರ್‌ನಲ್ಲಿರುವ ಆಯಿಲ್ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಹಾಗಾಗಿ ಸಿರಿಂಜ್ ಹಾಕಿ ಮೇಲಿನ ಡಬ್ಬಿಯ ಆಯಿಲ್ ಎಳೆದು ಹೊಸದು ತುಂಬಿದರೆ ಕಣ್ಣಿಗೆ ಚೆಂದ, ಕೆಲಸಕ್ಕೆ ಸೊನ್ನೆ. ಪೆನ್ನಿನಂಥ ಟೆಸ್ಟರ್ ಅದ್ದಿ ಹಸಿರು ಲೈಟ್ ಬಂತು ಅಂದರೂ ಅದು ಹೇಳುವುದು ಡಬ್ಬಿಯ ಕಥೆ ಮಾತ್ರ. ನಾಲ್ಕೂ ಚಕ್ರದ ಬ್ಲೀಡ್ ನಿಪ್ಪಲ್, ಅಂದರೆ ಆಯಿಲ್ ಹೊರಬಿಡುವ ಸ್ಕ್ರೂ, ಬಿಚ್ಚಿ, ಹಳೆಯದು ಪೂರ್ತಿ ಹೊರಬಂದು ಹೊಸದು ಕಾಣುವವರೆಗೆ ತೆಗೆಯಬೇಕು. ಸಾಮಾನ್ಯವಾಗಿ ಒಂದು ಲೀಟರ್ ಸಾಕು. ಎಕ್ಸಾಸ್ಟ್‌ಗೆ ನೀವು ಕೊಡುವ ದುಡ್ಡಿನ ಮುಂದೆ ಇದು ಪುಡಿಗಾಸು.

ಲೆವೆಲ್ ಬಗ್ಗೆಯೂ ಹೇಳಿಬಿಡುತ್ತೇನೆ. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಬರುತ್ತದೆ, ಡಬ್ಬಿಯ ಲೆವೆಲ್ ಸ್ವಲ್ಪ ಇಳಿಯುತ್ತದೆ. ಅದು ಪ್ಯಾಡ್ ನೋಡಿಸಿ ಅನ್ನುವ ಸೂಚನೆ. ಟಾಪ್‌ಅಪ್ ಮಾಡಿ ಅದನ್ನು ಮುಚ್ಚಿಹಾಕಬೇಡಿ. ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಒಳಗೆ ತಳ್ಳಿದರೆ ಆ ಆಯಿಲ್ ಉಕ್ಕಿ ಪೇಂಟ್ ಮೇಲೆ ಸುರಿಯುತ್ತದೆ. ಪೇಂಟ್ ಹಾಳು.

ಹಲ್ಲಿನ ಡಾಕ್ಟರ್ ಒಬ್ಬರು ನಮ್ಮ ಹಳೇ ಗಿರಾಕಿ. ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಬೇಕು ಅಂತ ನನಗೇ ಬೈಯುವವರು. ಜರ್ಮನ್ ಸೆಡಾನ್ ತಗೊಂಡು ಟ್ರ್ಯಾಕ್‌ಗೆ ಹೋಗಿದ್ದರು. ಎರಡು ಸೆಷನ್ ಚೆನ್ನಾಗಿತ್ತು. ಪಿಟ್‌ಗೆ ಬಂದು ಗಾಡಿ ನಿಲ್ಲಿಸಿ, ಟೀ ಕುಡಿದು, ಫೋಟೊ ತೆಗೆಸಿಕೊಂಡು ಮತ್ತೆ ಹೊರಟರು. ಮೊದಲ ತಿರುವಿಗೇ ಪೆಡಲ್ ಇಲ್ಲ. ಪುಣ್ಯಕ್ಕೆ ಪಕ್ಕದಲ್ಲಿ ಖಾಲಿ ಜಾಗವಿತ್ತು, ಗಾಡಿ ಮಣ್ಣಿಗೆ ಇಳಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ.

"ನಿಂತು ತಣ್ಣಗಾದ ಮೇಲೆ ಯಾಕೆ ಹೋಯ್ತು?" ಅಂತ ಕೇಳಿದರು. ಅದು ತಣ್ಣಗಾಗಿರಲಿಲ್ಲ. ಓಡುವಾಗ ಡಿಸ್ಕಿಗೆ ಗಾಳಿ ಸಿಗುತ್ತದೆ. ಕಾಯ್ದ ಗಾಡಿಯನ್ನು ಗಕ್ಕನೆ ನಿಲ್ಲಿಸಿದರೆ ಗಾಳಿ ನಿಂತಿತು, ಡಿಸ್ಕಿನ ಶಾಖವೆಲ್ಲ ಕ್ಯಾಲಿಪರ್‌ಗೆ ಏರಿತು. ಆಯಿಲ್ ಕುದಿಯಲು ಅದೇ ಹೊತ್ತು ಸಾಕು. ಕೊನೆಯ ಸುತ್ತು ಬ್ರೇಕ್ ಹೆಚ್ಚು ಮುಟ್ಟದೆ ನಿಧಾನ ಬನ್ನಿ ಅನ್ನುವುದು, ಬಂದ ತಕ್ಷಣ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಚಕ್ರಕ್ಕೆ ಅಡ್ಡ ಕೊಡಿ ಅನ್ನುವುದು ಇದಕ್ಕೇ. ಮತ್ತೆ ಹೊರಡುವ ಮೊದಲು ಪಿಟ್‌ನಲ್ಲೇ ಒಂದು ಸಲ ಪೆಡಲ್ ಒತ್ತಿ ನೋಡಿ.

ಡಾಕ್ಟರ್ ದೊಡ್ಡ ಡಿಸ್ಕ್, ದೊಡ್ಡ ಕ್ಯಾಲಿಪರ್ ಇರುವ ಬ್ರೇಕ್ ಕಿಟ್ ಹಾಕಿಸಬೇಕು ಅಂತ ತೀರ್ಮಾನ ಮಾಡಿಕೊಂಡೇ ಬಂದಿದ್ದರು. ಲಕ್ಷಗಳ ಮಾತು. ನಾವು ಹಿಂದಿನ ಚಕ್ರದ ನಿಪ್ಪಲ್ ಬಿಚ್ಚಿದಾಗ ಬಂದ ಆಯಿಲ್ ಕಪ್ಪಗಿತ್ತು. ಬಣ್ಣ ನೋಡಿಯೇ ತೀರ್ಪು ಕೊಡಬಾರದು, ಅದೂ ನಿಜ. ಆದರೆ ಬಿಲ್‌ಗಳನ್ನು ತಿರುವಿ ಹಾಕಿದರೆ ಗಾಡಿ ತಗೊಂಡ ಮೇಲೆ ಬದಲಾಯಿಸಿದ್ದೇ ಕಾಣಲಿಲ್ಲ. ಒಳ್ಳೆಯ ಆಯಿಲ್, ಟ್ರ್ಯಾಕ್‌ಗೆ ಆಗುವ ಪ್ಯಾಡ್, ಇಷ್ಟೇ ಹಾಕಿದ್ದು. ಕಿಟ್ ಇವತ್ತಿಗೂ ತಗೊಂಡಿಲ್ಲ. ಈಗ ಅವರ ಹೆಂಡತಿಯೂ ಓಡಿಸುತ್ತಾರೆ, ಒಂದು ಸುತ್ತಿಗೆ ಹೆಂಡತಿಯ ಟೈಮೇ ಕಡಿಮೆ ಅಂತ ಕೇಳಿದ್ದೇನೆ. ಡಾಕ್ಟರ್ ಈ ವಿಷಯ ಜಾಸ್ತಿ ಮಾತಾಡುವುದಿಲ್ಲ.

ಎಲ್ಲ ಬ್ರೇಕ್ ತೊಂದರೆಯೂ ಆಯಿಲ್‌ದೇ ಅಲ್ಲ. ಪೆಡಲ್ ಗಟ್ಟಿಯಾಗೇ ಇದೆ, ಒತ್ತಿದರೂ ಗಾಡಿ ನಿಲ್ಲುತ್ತಿಲ್ಲ ಅಂದರೆ ಪ್ಯಾಡ್ ತನ್ನ ಮಿತಿ ದಾಟಿ ಕಾಯ್ದಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋಯಿತು ಅಂದರೆ ಆಯಿಲ್ ಅಥವಾ ಲೀಕ್. ಎರಡರಲ್ಲೂ ಆ ಸೆಷನ್ ಅಲ್ಲಿಗೇ ಮುಗಿಸಿ. ತಣಿದ ಮೇಲೆ ಪೆಡಲ್ ವಾಪಸ್ ಬಂದ ಹಾಗೆ ಕಂಡರೂ ಬ್ರೇಕ್ ಪೈಪಿನೊಳಗಿನ ಏರ್ ತೆಗೆಸದೆ ಮತ್ತೆ ಇಳಿಯಬೇಡಿ.

ನನಗೆ ಕೆಲಸ ಕಲಿಸಿದವರು ಶೋಲಾವರಂ ರೇಸ್‌ಗಳಿಗೆ ಹೋಗುತ್ತಿದ್ದ ಕಾಲದವರು. ಚೆನ್ನೈ ಹತ್ತಿರದ ಹಳೇ ವಿಮಾನ ಪಟ್ಟಿಯ ಮೇಲೆ ರೇಸ್. ಅವರ ಕೈಯಲ್ಲಿದ್ದದ್ದು 1,089 ಸಿಸಿ ಫಿಯಟ್, ನಾಲ್ಕೂ ಕಡೆ ಡ್ರಮ್ ಬ್ರೇಕ್. ಅವು ಬೇಗ ಕೈಕೊಡುತ್ತಿದ್ದವು. ಅದಕ್ಕೇ ಅವರಿಗೆ ಬ್ರೇಕ್ ಬಗ್ಗೆ ಭಯವಿತ್ತು, ಹೊರಡುವ ಮುಂಚೆ ಅದನ್ನೇ ಮೊದಲು ನೋಡುತ್ತಿದ್ದರು. ಈಗಿನ ಗಾಡಿಯ ಬ್ರೇಕ್ ಊರಿನಲ್ಲಿ ಅಷ್ಟು ಚೆನ್ನಾಗಿದೆ, ಯಾರಿಗೂ ಅದರ ನೆನಪೇ ಬರುವುದಿಲ್ಲ.

ಯಾವ ಆಯಿಲ್ ಹಾಕಿಸಬೇಕು? ಮೊದಲು ನಿಮ್ಮ ಗಾಡಿಯ ಮ್ಯಾನುಯಲ್ ನೋಡಿ. ಹೊಸ ಗಾಡಿಗಳಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ಗೆ ತೆಳುವಾದ ಡಾಟ್ 4 ಬೇಕಾಗಬಹುದು. ರೇಸಿಂಗ್ ಆಯಿಲ್‌ಗಳ ಕುದಿಯುವ ಮಟ್ಟ 300 ಡಿಗ್ರಿ ದಾಟುತ್ತದೆ, ಆದರೆ ಅವನ್ನು ಪದೇಪದೇ ಬದಲಾಯಿಸಬೇಕು. ಡಾಟ್ 5 ಅಂತ ಬರೆದ ಸಿಲಿಕೋನ್ ಆಯಿಲ್ ಬೇರೆ ಜಾತಿ, ಅದನ್ನು ಹಾಕಲೇಬೇಡಿ. ಬರೀ ರಸ್ತೆಯಲ್ಲಿ ಓಡುವ ಗಾಡಿಗೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಸಾಕು. ಟ್ರ್ಯಾಕ್‌ಗೆ ಹೋಗುವವರು ಪ್ರತಿ ಸಲ ಹೊರಡುವ ಮೊದಲು ಬದಲಾಯಿಸಿ ಅನ್ನುತ್ತೇನೆ. ಜಾಸ್ತಿಯಾಯಿತು ಅನ್ನಿಸಿದರೆ ಅನ್ನಿಸಲಿ. ಹಾಂ, ಇನ್ಶೂರೆನ್ಸ್ ಪಾಲಿಸಿಯನ್ನೂ ಒಂದು ಸಲ ಓದಿ. ಸಾಮಾನ್ಯ ಪಾಲಿಸಿಯಲ್ಲಿ ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ಕವರ್ ಇರುವುದಿಲ್ಲ. ನಿಮ್ಮ ಟ್ರ್ಯಾಕ್ ಡೇ ಅದರಲ್ಲಿ ಬರುತ್ತದೋ ಇಲ್ಲವೋ ಕಂಪನಿಯಿಂದ ಬರಹದಲ್ಲಿ ತಗೊಳ್ಳಿ, ನನ್ನನ್ನು ಕೇಳಬೇಡಿ.

ಮತ್ತೆ, ಶುಕ್ರವಾರ ಸಂಜೆ ಗಾಡಿ ತಂದು "ಅಣ್ಣ, ನಾಳಿದ್ದು ಟ್ರ್ಯಾಕ್, ಅರ್ಧ ಗಂಟೆಯಲ್ಲಿ ಮಾಡಿಕೊಡಿ" ಅಂದರೆ ನಾನು ಮಾಡುವುದಿಲ್ಲ. ನಾಲ್ಕೂ ಚಕ್ರ ಬಿಚ್ಚಬೇಕು. ಕೆಲವು ಗಾಡಿಗಳಿಗೆ ಸ್ಕ್ಯಾನರ್ ಹಾಕಿ ಎಬಿಎಸ್ ಯೂನಿಟ್‌ನ ಏರ್ ತೆಗೆಯಬೇಕು. ಹೊಸ ಪ್ಯಾಡ್ ಇದ್ದರೆ ಅದು ಡಿಸ್ಕಿಗೆ ಕೂರಲು ಸ್ವಲ್ಪ ಓಡಿಸಬೇಕು. ಆಮೇಲೆ ಲೀಕ್ ಇದೆಯಾ ಅಂತ ಇನ್ನೊಂದು ಸಲ ನೋಡಬೇಕು. ಬುಧವಾರದೊಳಗೆ ತನ್ನಿ.