ಪದ ಪರಿಚಯ: ಫೋರ್ ಬೈ ಫೋರ್, ಮತ್ತು ಅದರೊಳಗಿನ ‘ಲೋ’

ಗೇರ್ ಲಿವರಿನ ಪಕ್ಕದಲ್ಲಿ ಇನ್ನೊಂದು ಗಿಡ್ಡ ಲಿವರ್. ಅದರ ತಲೆಯ ಮೇಲೆ 2ಎಚ್, 4ಎಚ್, ಎನ್, 4ಎಲ್ ಎಂಬ ಗುರುತು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಾರಾದರೂ ‘ಇದು ಫೋರ್ ಬೈ ಫೋರ್ ಗಾಡಿ’ ಅಂದರೆ ಆ ಗಿಡ್ಡ ಲಿವರ್ ಇದೆ ಎಂದೇ ಅರ್ಥ. ಪದ ಎಲ್ಲರ ಬಾಯಲ್ಲೂ ಇದೆ. ಎಚ್ ಅಂದರೆ ಹೈ, ಎನ್ ಅಂದರೆ ನ್ಯೂಟ್ರಲ್. ಕೊನೆಯ ಆ ‘ಎಲ್’, ಅಂದರೆ ಲೋ, ಏನು ಮಾಡುತ್ತದೆ ಎಂಬುದು ಮಾತ್ರ ಗಾಡಿ ಇಟ್ಟವರಲ್ಲೇ ಅನೇಕರಿಗೆ ಸ್ಪಷ್ಟವಿಲ್ಲ. ಹೂತುಹೋದಾಗ ಹಾಕುವ ಗೇರು ಎಂದು ಅದನ್ನು ಕಾದಿಡುತ್ತಾರೆ. ಹೂಳುವ ಮೊದಲೇ ಹಾಕಬೇಕಾದ ಗೇರು ಅದು.

ಮೊದಲು ಅಂಕಿಗಳ ಅರ್ಥ. ಫೋರ್ ಬೈ ಫೋರ್‌ನಲ್ಲಿ ಮೊದಲ ನಾಲ್ಕು ಗಾಡಿಯ ಒಟ್ಟು ಚಕ್ರಗಳ ಲೆಕ್ಕ, ಎರಡನೆಯ ನಾಲ್ಕು ಎಂಜಿನ್ನಿನ ಬಲ ತಲುಪುವ ಚಕ್ರಗಳ ಲೆಕ್ಕ. ಸಾಮಾನ್ಯ ಕಾರು ಫೋರ್ ಬೈ ಟೂ. ಆರೂ ಚಕ್ರ ಎಳೆಯುವ ಮಿಲಿಟರಿ ಲಾರಿ ಸಿಕ್ಸ್ ಬೈ ಸಿಕ್ಸ್. ನೋಡಲು ಎಷ್ಟೇ ಎತ್ತರವಾಗಿರಲಿ, ದೊಡ್ಡ ಟಯರ್ ಇರಲಿ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಬಲ ಹೋಗದಿದ್ದರೆ ಅದು ಫೋರ್ ಬೈ ಫೋರ್ ಅಲ್ಲ. 2023ರಿಂದ ಮಹೀಂದ್ರಾ ಥಾರ್ ಕೂಡ ಹಿಂದಿನ ಎರಡೇ ಚಕ್ರ ಎಳೆಯುವ ಮಾದರಿಯಲ್ಲಿ ಸಿಗುತ್ತಿದೆ. ಹಾಗಾಗಿ ಹೆಸರು ನೋಡಿ ತೀರ್ಮಾನಿಸಬಾರದು, ಲಿವರ್ ನೋಡಬೇಕು.

ನಿಧಾನ ಎಂಬುದು ಈ ಗಾಡಿಗೆ ಹುಟ್ಟಿನಿಂದಲೇ ಬಂದ ಗುಣ. 1940ರಲ್ಲಿ ಅಮೆರಿಕದ ಸೇನೆ ಹಗುರವಾದ ಓಡಾಟದ ಗಾಡಿಯೊಂದನ್ನು ಕೇಳಿದಾಗ ಹಾಕಿದ ಷರತ್ತುಗಳಲ್ಲಿ ನಾಲ್ಕೂ ಚಕ್ರಕ್ಕೆ ಎಳೆತ, ಎರಡು ವೇಗದ ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಕ್ಕೂ ಹಿಂದಕ್ಕೂ ಕೊಡುವ ಚಿಕ್ಕ ಗೇರ್ ಬಾಕ್ಸ್) ಎರಡೂ ಇದ್ದವು. ಗಂಟೆಗೆ 3 ಮೈಲಿಯ ನಿಧಾನದಲ್ಲೂ ಮುಗ್ಗರಿಸದೆ ನಡೆಯಬೇಕು ಎಂಬುದೂ ಇತ್ತು. ಅದು ಮನುಷ್ಯ ನಡೆಯುವ ವೇಗ. ಬ್ಯಾಂಟಮ್ ಕಂಪನಿ ಮೊದಲ ಮಾದರಿ ಮಾಡಿಕೊಟ್ಟಿತು, ವಿಲ್ಲೀಸ್ ಮತ್ತು ಫೋರ್ಡ್ ಲಕ್ಷಗಟ್ಟಲೆ ತಯಾರಿಸಿದವು. ಯುದ್ಧ ಮುಗಿದ ಮೇಲೆ 1945ರಲ್ಲಿ ವಿಲ್ಲೀಸ್ ಅದನ್ನೇ ರೈತರಿಗೆಂದು ಸಿಜೆ-2ಎ ಹೆಸರಿನಲ್ಲಿ ಮಾರಿತು. ಸಿಜೆ ಅಂದರೆ ಸಿವಿಲಿಯನ್ ಜೀಪ್. ಬ್ರಿಟನ್ನಿನಲ್ಲಿ 1948ರ ಲ್ಯಾಂಡ್ ರೋವರ್ ಹುಟ್ಟಿದ್ದೂ ಒಂದು ಜಮೀನಿನಲ್ಲಿ ದುಡಿಯುತ್ತಿದ್ದ ಯುದ್ಧಕಾಲದ ಜೀಪನ್ನು ನೋಡಿಯೇ. ನಮ್ಮಲ್ಲಿ ಮಹೀಂದ್ರಾ ಕಂಪನಿ ವಿಲ್ಲೀಸ್ ಬಿಡಿಭಾಗಗಳನ್ನು ತರಿಸಿ ಮುಂಬೈಯಲ್ಲಿ ಜೋಡಿಸಲು ತೊಡಗಿತು. ಮುಂದೆ ಎತ್ತರದ ಬಾನೆಟ್ಟಿನ ಸಿಜೆ-3ಬಿ ಬಂತು. 1980ರ ದಶಕದಲ್ಲಿ ಪೂಜೋ ಡೀಸೆಲ್ ಎಂಜಿನ್ನಿನ ಎಂಎಂ-540 ಬಂತು, 1985ರ ಕೊನೆಗೆ ಮಾರುತಿ ಜಿಪ್ಸಿ, 2010ರಲ್ಲಿ ಥಾರ್, 2023ರಲ್ಲಿ ಜಿಮ್ನಿ. ಆ ಗಿಡ್ಡ ಲಿವರಿನ ಕೆಲಸ ಇಷ್ಟು ವರ್ಷಗಳಲ್ಲಿ ಬದಲಾಗಿಲ್ಲ. ಹಳೇ ವಿಲ್ಲೀಸ್ ಸಾಲಿನ ಜೀಪುಗಳಲ್ಲಿ ಮಾತ್ರ ಒಂದರ ಬದಲು ಎರಡು ಗಿಡ್ಡ ಲಿವರ್ ಇರುತ್ತವೆ. ಒಂದು ಫ್ರಂಟ್, ಅಂದರೆ ಮುಂದಿನ ಆಕ್ಸಲ್, ಕೂಡಿಸಲು, ಇನ್ನೊಂದು ಹೈ–ಲೋ ಬದಲಿಸಲು. ಫ್ರಂಟ್ ಹಾಕಿದ ಮೇಲೆಯೇ ಲೋ ಹಾಕಬೇಕು. ಹಿಂದಿನ ಆಕ್ಸಲ್ ಒಂದೇ ಲೋ ಗೇರಿನ ಬಲವನ್ನೆಲ್ಲ ಹೊರುವಂತೆ ಮಾಡಿದರೆ ಆಕ್ಸಲ್ ಶಾಫ್ಟ್ ತುಂಡಾಗುತ್ತದೆ.

ಈ ಲಿವರ್ ಹೋಗಿ ಸೇರುವುದು ಟ್ರಾನ್ಸ್‌ಫರ್ ಕೇಸಿಗೆ. ಗೇರ್ ಬಾಕ್ಸಿನ ಹಿಂದೆ ಕೂತಿರುವ ಇನ್ನೊಂದು ಚಿಕ್ಕ ಗೇರ್ ಬಾಕ್ಸ್ ಅದು. ಅದರಿಂದ ಎರಡು ಪ್ರೊಪೆಲ್ಲರ್ ಶಾಫ್ಟ್ ಹೊರಡುತ್ತವೆ, ಒಂದು ಹಿಂದಕ್ಕೆ, ಒಂದು ಮುಂದಕ್ಕೆ. 2ಎಚ್‌ನಲ್ಲಿ ಹಿಂದಿನದಷ್ಟೇ ಬಲ ಹೊರುತ್ತದೆ. 4ಎಚ್‌ನಲ್ಲಿ ಎರಡೂ ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. 4ಎಲ್‌ಗೆ ಹೋದರೆ ನಡುವೆ ಇನ್ನೊಂದು ಜೊತೆ ಹಲ್ಲುಗಾಲಿ ಸೇರಿ, ವೇಗ ಸುಮಾರು ಎರಡು–ಎರಡೂವರೆ ಪಟ್ಟು ಇಳಿಯುತ್ತದೆ, ಎಳೆತ ಅಷ್ಟೇ ಪಟ್ಟು ಏರುತ್ತದೆ.

ಲೆಕ್ಕ ಹಾಕಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಸುಲಭಕ್ಕೆ ಫಸ್ಟ್ ಗೇರಿನ ಅನುಪಾತ 4, ಆಕ್ಸಲ್ ನಡುವಿನ ಹಲ್ಲುಗಾಲಿ ಜೋಡಿಯಾದ ಕ್ರೌನ್–ಪಿನಿಯನ್ ಅನುಪಾತ 4 ಎಂದಿಟ್ಟುಕೊಳ್ಳಿ. ಹೈನಲ್ಲಿ ಎಂಜಿನ್ 16 ಸುತ್ತು ಬಂದರೆ ಚಕ್ರ ಒಂದು ಸುತ್ತು. ಲೋ ಅನುಪಾತ 2.5 ಆದರೆ ಅದು 40 ಸುತ್ತಿಗೆ ಒಂದು. ಆಕ್ಸಿಲರೇಟರ್ ಮುಟ್ಟದೆ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದು, ಚಕ್ರದ ಸುತ್ತಳತೆ 2.2 ಮೀಟರ್ ಇದ್ದರೆ, ಹೈ ಫಸ್ಟ್‌ನಲ್ಲಿ ಗಾಡಿ ಗಂಟೆಗೆ 6.6 ಕಿಲೋಮೀಟರ್ ಹೋಗುತ್ತದೆ. ಲೋ ಫಸ್ಟ್‌ನಲ್ಲಿ ಬರೀ 2.6. ಕಲ್ಲೆದ್ದ ಏರಿನಲ್ಲಿ ಮೊದಲನೆಯದು ಗಾಡಿಯನ್ನು ಕುಣಿಸುತ್ತದೆ, ಎರಡನೆಯದು ಒಂದೊಂದೇ ಕಲ್ಲು ಹತ್ತಿಸುತ್ತದೆ. ಹೈನಲ್ಲಿ ಅಂಥ ಏರಿಗೆ ಹೋದವರು ಅರ್ಧ ಕ್ಲಚ್ಚಿನಲ್ಲಿ ಎಳೆಯುತ್ತಾರೆ. ಹತ್ತು ನಿಮಿಷದಲ್ಲಿ ಸುಟ್ಟ ವಾಸನೆ, ಒಂದೆರಡು ಮಳೆಗಾಲದಲ್ಲಿ ಕ್ಲಚ್ ಪ್ಲೇಟ್ ಖರ್ಚು. ಕೊಡಚಾದ್ರಿಯ ಜೀಪು ದಾರಿಯಂಥ ಕಡೆ ಲೋ ಇರುವುದು ಇದೇ ಕಾರಣಕ್ಕೆ. ಅಲ್ಲಿ ಚಕ್ರ ಒಮ್ಮೆ ಸುಮ್ಮನೆ ಸುತ್ತಿತೆಂದರೆ ಕಲ್ಲು ಕಿತ್ತು ಗುಂಡಿ ಬೀಳುತ್ತದೆ, ಮುಂದಿನ ಗಾಡಿಗೂ ದಾರಿ ಹಾಳು.

ಹಾಕುವ ಕ್ರಮವೂ ಅಷ್ಟೇ ಮುಖ್ಯ. 2ಎಚ್‌ನಿಂದ 4ಎಚ್‌ಗೆ ನಿಧಾನವಾಗಿ ನೇರ ಹೋಗುತ್ತಿರುವಾಗ ಹಾಕಬಹುದು, ಚಕ್ರ ಸುಮ್ಮನೆ ಸುತ್ತುತ್ತಿರುವಾಗ ಮಾತ್ರ ಕೂಡದು. 4ಎಲ್‌ಗೆ ಗಾಡಿ ನಿಲ್ಲಿಸಿ, ಕ್ಲಚ್ ಪೂರ್ತಿ ತುಳಿದು, ಮುಖ್ಯ ಗೇರನ್ನು ನ್ಯೂಟ್ರಲ್‌ಗೆ ತಂದು, ಆಮೇಲೆ ಲಿವರ್ ಎಳೆಯಬೇಕು. ಕೂರದಿದ್ದರೆ ಬಲವಂತ ಬೇಡ. ಕ್ಲಚ್ ಒಮ್ಮೆ ಬಿಟ್ಟು ಮತ್ತೆ ತುಳಿದರೆ ಹಲ್ಲು ಹಲ್ಲಿಗೆ ಎದುರಾಗಿ ಸಿಗುತ್ತದೆ. ನಡುವಿನ ‘ಎನ್’ ಗುರುತಿನಲ್ಲಿ ಲಿವರ್ ನಿಂತುಬಿಟ್ಟರೆ ಅಪಾಯ. ಆಗ ಗೇರ್ ಬಾಕ್ಸಿಗೂ ಚಕ್ರಕ್ಕೂ ಸಂಬಂಧವೇ ಕಡಿದಿರುತ್ತದೆ. ಗೇರಿನಲ್ಲಿ ನಿಲ್ಲಿಸಿದ್ದೇನೆ ಎಂದುಕೊಂಡು ಇಳಿದರೆ ಗಾಡಿ ಉರುಳಿಕೊಂಡು ತೋಟಕ್ಕೆ ಹೋಗುತ್ತದೆ. ಹ್ಯಾಂಡ್ ಬ್ರೇಕ್ ಜೊತೆಗೆ ಚಕ್ರಕ್ಕೆ ಕಲ್ಲು ಕೊಡುವ ಅಭ್ಯಾಸ ಎಂದೂ ಬಿಡಬಾರದು.

ಇನ್ನು ಟಾರು ರಸ್ತೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತು ಹಾಕುತ್ತವೆ. 4ಎಚ್‌ನಲ್ಲಿ ಎರಡೂ ಶಾಫ್ಟ್ ಬಿಗಿದುಕೊಂಡಿರುವುದರಿಂದ ಆ ವ್ಯತ್ಯಾಸ ಎಲ್ಲಾದರೂ ಕಳೆಯಲೇಬೇಕು. ಕೆಸರಿನಲ್ಲಿ ಟಯರ್ ಜಾರಿ ಕಳೆಯುತ್ತದೆ. ಟಾರಿನಲ್ಲಿ ಜಾರುವುದಿಲ್ಲ, ಆ ಬಿಗಿತ ಶಾಫ್ಟು, ಹಲ್ಲುಗಾಲಿ, ಜಾಯಿಂಟ್ ಕ್ರಾಸುಗಳಲ್ಲಿ ತುಂಬಿಕೊಳ್ಳುತ್ತದೆ. ಸ್ಟೇರಿಂಗ್ ಭಾರ, ಗಾಡಿ ಯಾರೋ ಹಿಡಿದೆಳೆದಂತೆ, ಲಿವರ್ ವಾಪಸ್ 2ಎಚ್‌ಗೆ ಬರುವುದೇ ಇಲ್ಲ. ಹಾಗಾದಾಗ ಲಿವರಿಗೆ ಗುದ್ದಬಾರದು. ಹತ್ತು ಹದಿನೈದು ಅಡಿ ನೇರವಾಗಿ ರಿವರ್ಸ್ ಬಂದರೆ ಬಿಗಿತ ಸಡಿಲಾಗಿ ತಾನಾಗಿ ಬಿಡುತ್ತದೆ. ಮಳೆ ಬರುತ್ತಿದೆ ಎಂದು ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳಿಗೆ 4ಎಚ್ ಹಾಕುವವರಿದ್ದಾರೆ. ಒದ್ದೆ ಟಾರು ಕೂಡ ಟಾರೇ. ಅಲ್ಲಿ ಬೇಕಿರುವುದು ಒಳ್ಳೆಯ ಟಯರ್ ಮತ್ತು ತಗ್ಗಿನ ಗೇರು. ಇದೇ ಕಾರಣಕ್ಕೆ ನಾಲ್ಕೂ ಟಯರ್ ಒಂದೇ ಅಳತೆಯವು, ಹೆಚ್ಚುಕಡಿಮೆ ಒಂದೇ ಸವೆತದವು ಇರಬೇಕು. ಹಿಂದೆ ಹೊಸದು ಹಾಕಿ ಮುಂದೆ ಬೋಳು ಟಯರ್ ಉಳಿಸಿದರೆ ನೇರ ದಾರಿಯಲ್ಲೂ ಎರಡೂ ಆಕ್ಸಲ್ ಜಗಳವಾಡುತ್ತವೆ.

ನಾಲ್ಕೂ ಚಕ್ರಕ್ಕೆ ಬಲ ಬಂದರೂ ಗಾಡಿ ನಿಂತಲ್ಲೇ ನಿಲ್ಲುವುದುಂಟು. ಪ್ರತಿ ಆಕ್ಸಲ್ಲಿನ ಹೌಸಿಂಗ್ (ಕವಚ) ಒಳಗೆ ಎಡ–ಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಇರುತ್ತದೆ. ಅದು ಸುಲಭವಾಗಿ ತಿರುಗುವ ಚಕ್ರದ ಕಡೆಗೇ ಸುತ್ತನ್ನು ಬಿಡುತ್ತದೆ. ಏರುತಗ್ಗಿನಲ್ಲಿ ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಗಾಳಿಯಲ್ಲಿ ತೂಗಿದರೆ ಆ ಎರಡೇ ಸುತ್ತುತ್ತವೆ, ನೆಲದ ಮೇಲಿರುವವು ಅಲುಗುವುದಿಲ್ಲ. ಆಗ ಆಕ್ಸಿಲರೇಟರ್ ಒತ್ತದೆ ಬ್ರೇಕನ್ನು ಹದವಾಗಿ ಒತ್ತಿ ಹಿಡಿದರೆ, ಸುತ್ತುವ ಚಕ್ರಕ್ಕೆ ತಡೆ ಬಿದ್ದು ಸ್ವಲ್ಪ ಬಲ ಇನ್ನೊಂದು ಕಡೆಗೂ ಹೋಗುತ್ತದೆ. ಹಿಂದಿನ ಹೌಸಿಂಗಿನಲ್ಲಿ ಎರಡೂ ಚಕ್ರವನ್ನು ಒಟ್ಟಿಗೆ ತಿರುಗಿಸುವ ಲಾಕಿಂಗ್ ಡಿಫರೆನ್ಷಿಯಲ್ ಇದ್ದರೆ ಕೆಲಸ ಇನ್ನೂ ಸಲೀಸು.

ಹಳೇ ಜೀಪಿನ ಮುಂದಿನ ಚಕ್ರದ ಮಧ್ಯದಲ್ಲಿರುವ ಫ್ರೀ ವೀಲಿಂಗ್ ಹಬ್ ಎಷ್ಟೋ ಜನರನ್ನು ಮಳೆಯಲ್ಲಿ ನಿಲ್ಲಿಸಿದೆ. ಅದಕ್ಕೊಂದು ತಿರುಗಣಿ, ಅದರಲ್ಲಿ ಫ್ರೀ ಮತ್ತು ಲಾಕ್ ಎಂಬ ಎರಡು ಗುರುತು. ಕೈಯಿಂದ ಎರಡೂ ಕಡೆ ಲಾಕ್‌ಗೆ ತಿರುಗಿಸಿದರೆ ಮಾತ್ರ ಫ್ರಂಟ್ ಎಳೆಯುತ್ತದೆ. ಒಂದು ಕಡೆ ಕೆಸರು ಮೆತ್ತಿ ತಿರುಗಣಿ ಅರ್ಧಕ್ಕೆ ನಿಂತರೆ, ಆ ಕಡೆಯ ಶಾಫ್ಟ್ ಹಬ್‌ನೊಳಗೆ ಖಾಲಿ ಸುತ್ತುತ್ತದೆ. ಡಿಫರೆನ್ಷಿಯಲ್ ಇಡೀ ಸುತ್ತನ್ನು ಅಲ್ಲಿಗೇ ಬಿಡುವುದರಿಂದ ಲಾಕ್ ಆದ ಚಕ್ರಕ್ಕೂ ಬಲ ಸಿಗುವುದಿಲ್ಲ. ಲಿವರ್ ಸರಿ ಇದೆ, ಶಾಫ್ಟ್ ತಿರುಗುತ್ತಿದೆ, ಗಾಡಿ ಮಾತ್ರ ಎಳೆಯುತ್ತಿಲ್ಲ ಎಂಬ ದೂರಿಗೆ ಮೊದಲು ನೋಡಬೇಕಾದ ಜಾಗ ಇದು. ಮಳೆ ಹಿಡಿಯುವ ಮೊದಲು ಎರಡೂ ಹಬ್ ಬಿಚ್ಚಿ, ತೊಳೆದು, ತೆಳುವಾಗಿ ಗ್ರೀಸ್ ಸವರಿ, ಬೆರಳಲ್ಲೇ ತಿರುಗುವಂತೆ ಮಾಡಿಡಬೇಕು. ಗ್ರೀಸ್ ತುಂಬಿಸಿಟ್ಟರೆ ಒಳಗಿನ ಸ್ಪ್ರಿಂಗ್ ಕೆಲಸ ಮಾಡುವುದಿಲ್ಲ.

ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ದಿನಗಳಲ್ಲಿ ಈ ಗಾಡಿಗಳ ನಿಜವಾದ ಪರೀಕ್ಷೆ. ಬೋರ್ಡೋ ದ್ರಾವಣ ತುಂಬಿದ 200 ಲೀಟರಿನ ಡ್ರಮ್ ಅಂದರೆ 200 ಕಿಲೋ ಮೀರಿದ ತೂಕ. ಅದನ್ನು ಹಿಂಬಾಗಿಲಿಗೆ ತಾಗಿಸಿ ಇಟ್ಟರೆ ಏರಿನಲ್ಲಿ ಮುಂಭಾಗ ಹಗುರಾಗಿ ಮುಂದಿನ ಚಕ್ರದ ಹಿಡಿತ ಹೋಗುತ್ತದೆ, ಫೋರ್ ಬೈ ಫೋರ್ ಇದ್ದೂ ಇಲ್ಲದಂತೆ. ಡ್ರಮ್ ಮುಂದಿನ ಸೀಟಿನ ಬೆನ್ನಿಗೆ ಒರಗಿರಬೇಕು, ಹಗ್ಗದಲ್ಲಿ ಬಿಗಿದಿರಬೇಕು, ಅರೆತುಂಬಿದ ಡ್ರಮ್ ತುಳುಕಿ ಗಾಡಿಯನ್ನು ವಾಲಿಸುವುದರಿಂದ ಪೂರ್ತಿ ತುಂಬಿರಬೇಕು. ಏರಿನ ನಡುವೆ ಎಂಜಿನ್ ನಿಂತರೆ ಗಾಡಿ ತಿರುಗಿಸಲು ಹೋಗಬೇಡಿ. ಅಡ್ಡವಾದ ಕ್ಷಣವೇ ಮಗುಚುತ್ತದೆ. ಬ್ರೇಕ್ ಒತ್ತಿ ಹಿಡಿದು, ಲೋನಲ್ಲೇ ರಿವರ್ಸ್ ಹಾಕಿ, ಎಂಜಿನ್ ಚಾಲೂ ಮಾಡಿ, ಕ್ಲಚ್ ಪೂರ್ತಿ ಬಿಟ್ಟು ಬಂದ ದಾರಿಯಲ್ಲೇ ನೇರ ಇಳಿಯಬೇಕು. ಇಳಿಜಾರಿನಲ್ಲೂ ಲೋ ಫಸ್ಟ್, ಕಾಲು ಕ್ಲಚ್ಚಿನಿಂದ ದೂರ. ಗಾಡಿಯನ್ನು ತಡೆಯುವುದು ಎಂಜಿನ್. ಕ್ಲಚ್ ತುಳಿದರೆ ಆ ತಡೆ ಹೋಗಿ ಉಳಿಯುವುದು ಹಳ್ಳ ದಾಟಿ ಒದ್ದೆಯಾದ ಬ್ರೇಕ್ ಡ್ರಮ್ ಮಾತ್ರ. ಹಳ್ಳ ದಾಟಿದ ಮೇಲೆ ನೂರಿನ್ನೂರು ಅಡಿ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಹೋಗಿ ಲೈನರ್ ಒಣಗಿಸಬೇಕು.

ಕೆಸರಿಗೆ ಟಯರಿನ ಗಾಳಿ 20 ಪೌಂಡಿನ ಆಸುಪಾಸಿಗೆ ಇಳಿಸಿದರೆ ನೆಲಕ್ಕೆ ತಾಗುವ ಪಟ್ಟಿ ಅಗಲವಾಗಿ ಹಿಡಿತ ಹೆಚ್ಚುತ್ತದೆ. ಟ್ಯೂಬ್ ಇರುವ ಹಳೇ ರಿಮ್‌ಗಳಲ್ಲಿ ಇನ್ನೂ ಇಳಿಸಿದರೆ ಟಯರ್ ರಿಮ್ಮಿನ ಮೇಲೆ ಜರುಗಿ ವಾಲ್ವ್ ಬುಡದಲ್ಲಿ ಟ್ಯೂಬ್ ಹರಿಯುತ್ತದೆ. ಟಾರು ಮುಟ್ಟಿದ ಕೂಡಲೇ ಗಾಳಿ ತುಂಬಿಸಬೇಕು. ಜಂಬಿಟ್ಟಿಗೆ ನೆಲದಲ್ಲಿ ಮೇಲೆ ನುಣ್ಣನೆಯ ಕೆಂಪು ಮಣ್ಣು, ಕೆಳಗೆ ಗಟ್ಟಿ. ದೊಡ್ಡ ಗಟ್ಟೆಯ ಟಯರ್ ಮೇಲಿನ ಪದರ ಕೊರೆದು ಗಟ್ಟಿ ನೆಲ ಹಿಡಿಯುವುದರಿಂದ ಇಲ್ಲಿ ಅದು ಒಗ್ಗುತ್ತದೆ. ಪಾಚಿ ಕಟ್ಟಿದ ಕಲ್ಲುಹಾಸಿಗೆ ಯಾವ ಟಯರೂ ಸಾಲದು, ಚಕ್ರಕ್ಕೆ ಚೈನ್ ಕಟ್ಟಿಯೇ ಹೋಗಬೇಕು.

ಗಾಡಿ ಇಟ್ಟುಕೊಳ್ಳುವ ಖರ್ಚಿನ ದೊಡ್ಡ ಪಾಲು ನೀರಿನಿಂದ. ಓಡಿ ಬಿಸಿಯಾದ ಹೌಸಿಂಗ್ ತಣ್ಣನೆ ಹಳ್ಳಕ್ಕಿಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಹೌಸಿಂಗ್ ಉಸಿರಾಡುವ ತೂತು) ಅಥವಾ ಸವೆದ ಆಯಿಲ್ ಸೀಲ್ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ನೀರು ಸೇರಿದ ಗೇರ್ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಒಂದು ರಾತ್ರಿ ಗಾಡಿ ನಿಲ್ಲಿಸಿ, ಬೆಳಿಗ್ಗೆ ಡ್ರೈನ್ ಬೋಲ್ಟ್ ಸ್ವಲ್ಪ ಸಡಿಲಿಸಿದರೆ ನೀರು ಎಣ್ಣೆಗಿಂತ ಮೊದಲು ತೊಟ್ಟಿಕ್ಕುತ್ತದೆ. ಪೂರ್ತಿ ಎಣ್ಣೆ ಬದಲಿಸುವಾಗ ಮೊದಲು ತುಂಬುವ ಬೋಲ್ಟ್ ಬಿಚ್ಚಿ ನೋಡಿ. ಅದು ತುಕ್ಕು ಹಿಡಿದು ಬಾರದಿದ್ದರೆ ಕೆಳಗಿನದನ್ನು ಮುಟ್ಟಲೇಬೇಡಿ, ಖಾಲಿ ಹೌಸಿಂಗ್ ಇಟ್ಟುಕೊಂಡು ಕೂರಬೇಕಾಗುತ್ತದೆ. ತುಂಬುವ ತೂತಿನಿಂದ ಎಣ್ಣೆ ಹೊರಗೆ ಜಿನುಗುವಷ್ಟು ಹಾಕಿದರೆ ಮಟ್ಟ ಸರಿ. ಬ್ರೀದರಿಗೆ ಒಂದು ಮೀಟರ್ ರಬ್ಬರ್ ಪೈಪ್ ಸಿಕ್ಕಿಸಿ ಬಾನೆಟ್ ಎತ್ತರಕ್ಕೆ ಕಟ್ಟಿಬಿಟ್ಟರೆ ಈ ಕಾಟ ಬಹುಪಾಲು ತಪ್ಪುತ್ತದೆ. ಅಷ್ಟು ಅಗ್ಗದ, ಅಷ್ಟು ಪ್ರಯೋಜನದ ಕೆಲಸ ಈ ಗಾಡಿಗೆ ಇನ್ನೊಂದಿಲ್ಲ. ಹಳ್ಳದ ನಡುವೆ ಎಂಜಿನ್ ನಿಂತರೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೊಸ ಥಾರ್ 650 ಮಿಲಿಮೀಟರ್ ನೀರು ದಾಟುತ್ತದೆ ಎಂದು ಕಂಪನಿ ಹೇಳಿದ್ದರೂ ಹರಿಯುವ ಹಳ್ಳದ ಸೆಳೆತ ಬೇರೆ.

ಬೇಸಿಗೆಯಲ್ಲಿ ಫ್ರಂಟ್ ಹಾಕದೆಯೇ ತಿಂಗಳುಗಟ್ಟಲೆ ಓಡಿಸಿದರೆ ಲಿವರ್ ಕಚ್ಚಿಕೊಳ್ಳುತ್ತದೆ, ಸೀಲ್ ಒಣಗುತ್ತದೆ. ತಿಂಗಳಿಗೊಮ್ಮೆ ಮಣ್ಣು ದಾರಿಯಲ್ಲಿ ಒಂದೆರಡು ಕಿಲೋಮೀಟರ್ 4ಎಚ್, ನೂರು ಮೀಟರ್ 4ಎಲ್ ಓಡಿಸಿದರೆ ಸಾಕು.

ಹಳೇ ಜೀಪು ಕೊಳ್ಳುವವರಿಗೆ ಒಂದು ಪರೀಕ್ಷೆ. ಹಲವು ಗಾಡಿಗಳ ಭಾಗ ಸೇರಿಸಿ ಕಟ್ಟಿದ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಹೌಸಿಂಗಿನ ಕ್ರೌನ್–ಪಿನಿಯನ್ ಅನುಪಾತ ಬೇರೆಬೇರೆ ಇರುವುದುಂಟು. ಅಂಥದ್ದರಲ್ಲಿ 4ಎಚ್ ಹಾಕಿದರೆ ನೇರ ದಾರಿಯಲ್ಲೇ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ. ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, 2ಎಚ್‌ನಲ್ಲಿಟ್ಟು, ಎರಡೂ ಹಬ್ ಲಾಕ್ ಮಾಡಿ, ಮುಂದಿನ ಒಂದೇ ಚಕ್ರವನ್ನು ಜಾಕಿನಲ್ಲಿ ಎತ್ತಿ. ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ. ಚಕ್ರವನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತು ಬಂತು ಎಂದು ಪಕ್ಕದಲ್ಲಿ ನಿಂತು ಎಣಿಸಿ. ಗಾಡಿಯ ಅಡಿಗೆ ಹೋಗಬೇಡಿ. ಇನ್ನೊಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಈ ಎರಡು ಸುತ್ತು ಎರಡೂ ಚಕ್ರದ ಒಂದು ಸುತ್ತಿಗೆ ಸಮ. ಶಾಫ್ಟ್ ಐದು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಿದರೆ ಅನುಪಾತ ಐದು ಚಿಲ್ಲರೆ ಎಂದರ್ಥ. ಆಮೇಲೆ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಗಿಡ್ಡ ಲಿವರನ್ನು ಎನ್‌ಗೆ ತಂದು, ಹಿಂದಿನ ಒಂದು ಚಕ್ರಕ್ಕೂ ಹಾಗೇ ಮಾಡಿ. ಎರಡೂ ಕಡೆಯ ಎಣಿಕೆ ಸೀಮೆಸುಣ್ಣದ ಗುರುತಿನವರೆಗೂ ಒಂದೇ ಬರಬೇಕು. ಚಕ್ರ ತಿರುಗಿದರೂ ಮುಂದಿನ ಶಾಫ್ಟ್ ಅಲುಗದಿದ್ದರೆ ಹಬ್ ಹೋಗಿದೆ, ಇಲ್ಲವೇ ಹೌಸಿಂಗಿನೊಳಗೆ ಏನೋ ಮುರಿದಿದೆ. ಶಾಫ್ಟೇ ಕಾಣದಿದ್ದರೆ ಯಾರೋ ಅದನ್ನು ಬಿಚ್ಚಿಟ್ಟಿದ್ದಾರೆ. ಆಗ ಬಾಗಿಲಿನ ಮೇಲೆ ಅಂಟಿಸಿದ ಫೋರ್ ಬೈ ಫೋರ್ ಸ್ಟಿಕ್ಕರಿಗೆ ಬೆಲೆ ಕೊಡದೆ, ಫೋರ್ ಬೈ ಟೂ ಗಾಡಿಯ ದರವನ್ನೇ ಕೇಳಿ.