ವಿಲ್ ಸಾಕಾ, ಟ್ರಸ್ಟ್ ಬೇಕಾ?

"ವಕೀಲರೇ, ವಿಲ್ ಗಿಲ್ ಬೇಡ. ಲಿವಿಂಗ್ ಟ್ರಸ್ಟ್ ಮಾಡಿಕೊಡಿ." ಈಚೆಗೆ ಮುಂಬೈಯ ಮಾಟುಂಗಾ, ಮುಲುಂಡ್, ಘಾಟ್‌ಕೋಪರ್ ಕಡೆಯ ನಮ್ಮ ಕನ್ನಡದ ಹಿರಿಯರು ಕೂರುವ ಮೊದಲೇ ಇಷ್ಟು ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ಯಾರು ಹೇಳಿದ್ದು ಅಂತ ಕೇಳಿದರೆ ಹೆಚ್ಚಿನ ಸಲ ಉತ್ತರ ಒಂದೇ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಮಗ.

ಮಗ ಹೇಳಿದ್ದು ಅವನಿರುವ ಜಾಗಕ್ಕೆ ಸರಿಯೇ. ಅಮೆರಿಕದ ಹಲವು ರಾಜ್ಯಗಳಲ್ಲಿ ಪ್ರೊಬೇಟ್‌ಗೆ, ಅಂದರೆ ವಿಲ್ ಅಸಲಿಯೇ ಅಂತ ಕೋರ್ಟ್‌ನಿಂದ ಮುದ್ರೆ ಒತ್ತಿಸಿಕೊಳ್ಳುವುದಕ್ಕೆ, ಸಮಯವೂ ಹಿಡಿಯುತ್ತದೆ, ದುಡ್ಡೂ ಹೋಗುತ್ತದೆ. ಅದಕ್ಕೆ ಜನ ಬದುಕಿರುವಾಗಲೇ ಮನೆಯನ್ನು ತಮ್ಮದೇ ಟ್ರಸ್ಟ್‌ಗೆ ಹಾಕಿ, ತಾವೇ ಅದನ್ನು ನಡೆಸುವ ಟ್ರಸ್ಟಿ ಆಗಿ, ಬೇಕೆಂದಾಗ ವಾಪಸ್ ತೆಗೆದುಕೊಳ್ಳುವ ಹಕ್ಕನ್ನೂ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲೂ 1882ರ ಇಂಡಿಯನ್ ಟ್ರಸ್ಟ್ಸ್ ಆ್ಯಕ್ಟ್ ಇದೆ, ಅಂಥ ಟ್ರಸ್ಟ್ ಮಾಡುವುದಕ್ಕೆ ಅಡ್ಡಿಯಿಲ್ಲ. ಆದರೆ ಇಲ್ಲಿ ಫ್ಲಾಟನ್ನು ಟ್ರಸ್ಟ್‌ಗೆ ಹಾಕಬೇಕಾದರೆ ಪತ್ರ ರಿಜಿಸ್ಟರ್ ಆಗಲೇಬೇಕು. ರಿಜಿಸ್ಟರ್ ಅಂದಮೇಲೆ ಸ್ಟಾಂಪ್ ಡ್ಯೂಟಿ ಬಂತು.

ಒಂದು ಲೆಕ್ಕ ನೋಡೋಣ. ಮುಲುಂಡ್‌ನಲ್ಲಿ ಒಂದೂವರೆ ಕೋಟಿಯ ಫ್ಲಾಟ್ ಅಂತಿಟ್ಟುಕೊಳ್ಳಿ. ಅದನ್ನು ಟ್ರಸ್ಟ್‌ಗೆ ವರ್ಗಾಯಿಸಿದರೆ ಸ್ಟಾಂಪ್ ಡ್ಯೂಟಿ ಎಷ್ಟು ಎನ್ನುವುದು ಪತ್ರದ ಒಕ್ಕಣೆ ಮೇಲೆ ನಿಂತಿದೆ. ನಾನು ಶೇ. 5ರ ಸುತ್ತ ಹಿಡಿದೇ ಅಂದಾಜು ಹೇಳುತ್ತೇನೆ. ಅಂದರೆ ಏಳೂವರೆ ಲಕ್ಷ. ಅದೇ ಫ್ಲಾಟನ್ನು ವಿಲ್‌ನಲ್ಲಿ ಬರೆದರೆ ಸ್ಟಾಂಪ್ ಡ್ಯೂಟಿ ಸೊನ್ನೆ. ಸ್ಟಾಂಪ್ ಪೇಪರೂ ಬೇಡ, ಬಿಳಿ ಹಾಳೆ ಸಾಕು. ರಿಜಿಸ್ಟ್ರೇಷನ್ ಕೂಡ ನಿಮ್ಮ ಇಷ್ಟ, ಕಡ್ಡಾಯವಲ್ಲ. ಈ ಲೆಕ್ಕ ಕೇಳಿದ ಮೇಲೆ "ಮಗನ ಹತ್ತಿರ ಇನ್ನೊಂದ್ಸಲ ಮಾತಾಡ್ತೀನಿ" ಅನ್ನುವವರೇ ಜಾಸ್ತಿ.

ಇಲ್ಲಿ ಕೆಲವರು ಬುದ್ಧಿವಂತಿಕೆಯ ಪ್ರಶ್ನೆ ಕೇಳುತ್ತಾರೆ. ಮಹಾರಾಷ್ಟ್ರದಲ್ಲಿ ಗಂಡ, ಹೆಂಡತಿ, ಮಕ್ಕಳು, ಮೊಮ್ಮಕ್ಕಳಿಗೆ ವಾಸದ ಮನೆಯನ್ನು ಗಿಫ್ಟ್ ಕೊಟ್ಟರೆ ಸ್ಟಾಂಪ್ ಡ್ಯೂಟಿ ಬರೀ 200 ರೂಪಾಯಿ ಅಲ್ವಾ? ಹೌದು, ಸರ್ಚಾರ್ಜ್ ಮುಂತಾದವು ಬೇರೆ. ಆದರೆ ಆ ರಿಯಾಯಿತಿ ವ್ಯಕ್ತಿಗೆ, ಟ್ರಸ್ಟ್‌ಗೆ ಅಲ್ಲ. ಇನ್ನು ಇರುವ ಒಂದೇ ಮನೆಯನ್ನು ಬದುಕಿರುವಾಗಲೇ ಮಗನ ಹೆಸರಿಗೆ ಗಿಫ್ಟ್ ಕೊಡುವುದಕ್ಕೆ ನನ್ನ ವಿರೋಧವಿದೆ. ಆಮೇಲೆ ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಗಿಫ್ಟ್ ರದ್ದು ಮಾಡಿಸಲು ದಾರಿಯಿದೆ, ಸರಿ. ಆದರೆ ಎಂಬತ್ತರ ವಯಸ್ಸಿನಲ್ಲಿ ಮಗನ ಮೇಲೆ ಟ್ರಿಬ್ಯೂನಲ್‌ಗೆ ಹೋಗುವ ಪರಿಸ್ಥಿತಿ ಯಾಕೆ ತಂದುಕೊಳ್ಳಬೇಕು?

ಪ್ರೊಬೇಟ್ ಅಂದರೆ ಮುಂಬೈನವರಿಗೆ ಭಯ ಇದ್ದದ್ದಕ್ಕೆ ಕಾರಣ ಇತ್ತು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಮು ಹಿಂದೂಗಳೂ ಸೇರಿ ಕೆಲವು ಸಮುದಾಯಗಳಿಗೆ ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಅದನ್ನು ಕಡ್ಡಾಯ ಮಾಡಿತ್ತು. ಮುಲುಂಡ್ ಟೋಲ್ ನಾಕಾ ದಾಟಿ ಠಾಣೆ ನಗರಕ್ಕೋ ಡೊಂಬಿವಲಿಗೋ ಹೋದರೆ ಆ ನಿಯಮ ಇರಲಿಲ್ಲ! ವಿಲ್ಲನ್ನು ಮುಂಬೈಯ ಹೊರಗೆ ಬರೆದಿದ್ದರೆ, ಒಂದೇ ಅಪ್ಪನ ಎರಡು ಫ್ಲಾಟ್‌ಗಳಲ್ಲಿ ಘಾಟ್‌ಕೋಪರಿನದ್ದಕ್ಕೆ ಕೋರ್ಟ್ ಬೇಕಿತ್ತು, ಡೊಂಬಿವಲಿಯದ್ದಕ್ಕೆ ಬೇಡವಾಗಿತ್ತು. ಈ ಕಲಮನ್ನು ಸಂಸತ್ತು 2025ರ ಡಿಸೆಂಬರ್‌ನಲ್ಲಿ ತೆಗೆದುಹಾಕಿತು. ಹಾಗಾಗಿ "ಪ್ರೊಬೇಟ್ ತಪ್ಪಿಸೋಕೆ ಟ್ರಸ್ಟ್" ಎನ್ನುವ ಮಾತಿಗೆ ಈಗ ಮುಂಬೈಯಲ್ಲೂ ಬಲ ಇಲ್ಲ.

ಪ್ರೊಬೇಟ್ ಪೂರ್ತಿ ಮಾಯವಾಗಿಲ್ಲ ಅನ್ನುವುದೂ ಗೊತ್ತಿರಲಿ. ಕಡ್ಡಾಯ ಹೋಗಿದೆ, ದಾರಿ ಉಳಿದಿದೆ. ಮಕ್ಕಳ ನಡುವೆ ಮನಸ್ತಾಪ ಇದ್ದರೆ ಈಗಲೂ ತೆಗೆದುಕೊಳ್ಳುವುದು ಕ್ಷೇಮ. ಮಹಾರಾಷ್ಟ್ರದಲ್ಲಿ ಅದರ ಕೋರ್ಟ್ ಫೀಗೆ 75,000 ರೂಪಾಯಿಯ ಮಿತಿಯಿದೆ, ವಕೀಲರ ಫೀ ಬೇರೆ. ಟ್ರಸ್ಟ್‌ನ ಆ ಏಳೂವರೆ ಲಕ್ಷದ ಪಕ್ಕ ಇಟ್ಟು ನೋಡಿ.

ಹಾಗಾದರೆ ಟ್ರಸ್ಟ್ ಯಾರಿಗೆ? ನಿಮ್ಮ ನಂತರ ದುಡ್ಡು ಕೈಗೆ ಬಂದರೆ ಅದನ್ನು ನಿಭಾಯಿಸಲು ಆಗದವರು ಮನೆಯಲ್ಲಿದ್ದರೆ. ನನ್ನ ಪ್ರಕಾರ ನಮ್ಮಂಥ ಕುಟುಂಬಗಳಿಗೆ ಅದೊಂದೇ ಗಟ್ಟಿ ಕಾರಣ.

ಆಟಿಸಂ ಇರುವ ಮೂವತ್ತು ವರ್ಷದ ಮಗ. ಅಪ್ಪನಿಗೆ ಎಪ್ಪತ್ತು ದಾಟಿದೆ. ಅಕ್ಕ ಮದುವೆಯಾಗಿ ಪುಣೆಯಲ್ಲಿದ್ದಾಳೆ. ಇಂಥ ಮನೆಯಲ್ಲಿ ವಿಲ್ ಬರೆದು ಅರ್ಧ ಆಸ್ತಿ ಮಗನ ಹೆಸರಿಗೆ ಇಟ್ಟರೆ ಬ್ಯಾಂಕಿನಲ್ಲಿ ಸಹಿ ಹಾಕುವವರು ಯಾರು? ಎಲ್ಲವನ್ನೂ ಅಕ್ಕನ ಹೆಸರಿಗೆ ಬರೆದು "ತಮ್ಮನನ್ನು ನೋಡಿಕೋ" ಎಂದರೆ, ನಾಳೆ ಅಕ್ಕನೇ ಮೊದಲು ಹೋದರೆ ಆ ಆಸ್ತಿ ಅವಳ ಗಂಡ-ಮಕ್ಕಳದ್ದು. ತಮ್ಮನಿಗೆ ಅದರಲ್ಲಿ ಹಕ್ಕಿಲ್ಲ. ಇಲ್ಲಿ ಟ್ರಸ್ಟ್ ಬೇಕೇ ಬೇಕು. ಟ್ರಸ್ಟಿಗಳು ಕನಿಷ್ಠ ಇಬ್ಬರು, ಅವರಲ್ಲಿ ಒಬ್ಬರಾದರೂ ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರು. ತಿಂಗಳ ಖರ್ಚು, ಔಷಧ, ನೋಡಿಕೊಳ್ಳುವವರ ಸಂಬಳ ಯಾವುದರಿಂದ ಹೋಗಬೇಕು ಎನ್ನುವುದು ಪತ್ರದಲ್ಲೇ ಇರಬೇಕು. ಮಗನ ನಂತರ ಉಳಿದದ್ದು ಯಾರಿಗೆ ಎನ್ನುವುದನ್ನೂ ಬರೆಯಬೇಕು. ಇದು ದುಡ್ಡಿನ ವ್ಯವಸ್ಥೆ ಮಾತ್ರ. ಮಗನ ಪರವಾಗಿ ನಿರ್ಧಾರ ಮಾಡುವ ಗಾರ್ಡಿಯನ್ ಬೇರೆಯೇ ವಿಷಯ. ಅದಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಲೋಕಲ್ ಲೆವೆಲ್ ಕಮಿಟಿಗೆ ಅರ್ಜಿ ಹಾಕಬೇಕು. ನೀವು ಬದುಕಿರುವಾಗಲೇ ಹಾಕಿ.

ಈ ಮನೆಗೂ ಫ್ಲಾಟನ್ನು ಇವತ್ತೇ ಟ್ರಸ್ಟ್‌ಗೆ ಹಾಕಿ ಅನ್ನುವುದಿಲ್ಲ. ಟ್ರಸ್ಟನ್ನು ವಿಲ್‌ನಲ್ಲೇ ಬರೆಯಬಹುದು. ನೀವು ಇರುವವರೆಗೆ ಅದು ಬರೀ ಕಾಗದ, ಬೇಕಾದರೆ ಬದಲಿಸಬಹುದು. ನಂತರ ಆಸ್ತಿ ತಾನಾಗಿ ಟ್ರಸ್ಟಿಗಳ ಕೈಗೆ ಹೋಗುತ್ತದೆ. ತೆರಿಗೆಯಲ್ಲೂ ಒಂದು ಅನುಕೂಲ ಇದೆ. ಯಾರಿಗೆ ಎಷ್ಟು ಅಂತ ಹೇಳದೆ ಟ್ರಸ್ಟಿಗಳ ಇಷ್ಟಕ್ಕೆ ಬಿಟ್ಟ ಟ್ರಸ್ಟ್‌ನ ಆದಾಯಕ್ಕೆ ಸಾಮಾನ್ಯವಾಗಿ ಗರಿಷ್ಠ ದರದ ತೆರಿಗೆ. ಆದರೆ ಬಾಡಿಗೆ, ಬಡ್ಡಿಯಂಥ ಆದಾಯಕ್ಕೆ, ವಿಲ್ ಮೂಲಕ ಮಾಡಿದ ಒಂದೇ ಒಂದು ಟ್ರಸ್ಟ್ ಆಗಿದ್ದರೆ, ಮಾಮೂಲಿ ಸ್ಲ್ಯಾಬ್. ವಾಪಸ್ ತೆಗೆದುಕೊಳ್ಳುವ ಹಕ್ಕು ಇಟ್ಟುಕೊಂಡು ಈಗಲೇ ಮಾಡುವ ಟ್ರಸ್ಟ್ ಆದರೋ ಆದಾಯ ನಿಮ್ಮ ಲೆಕ್ಕಕ್ಕೇ ಬರುತ್ತದೆ, ಅಂದರೆ ಉಳಿತಾಯ ಏನೂ ಇಲ್ಲ. ಈಗಲೇ ಟ್ರಸ್ಟ್ ಶುರು ಮಾಡಲೇಬೇಕು ಅನ್ನಿಸಿದರೆ ದುಡ್ಡಿನಿಂದ ಶುರು ಮಾಡಿ. ಎಫ್‌ಡಿ, ಮ್ಯೂಚುವಲ್ ಫಂಡ್‌ಗೆ ಫ್ಲಾಟಿನಷ್ಟು ಸ್ಟಾಂಪ್ ಡ್ಯೂಟಿಯ ಹೊರೆ ಇಲ್ಲ. ಟ್ರಸ್ಟ್‌ಗೆ ಬೇರೆ ಪ್ಯಾನ್, ಬೇರೆ ಬ್ಯಾಂಕ್ ಖಾತೆ, ಪ್ರತಿ ವರ್ಷ ರಿಟರ್ನ್. ಇದನ್ನೆಲ್ಲ ಮಾಡುವವರು ಯಾರು ಅಂತ ಮೊದಲೇ ಯೋಚಿಸಿ. (ಚಾರಿಟಿ ಕಮಿಷನರ್ ಆಫೀಸಿಗೆ ಹೋಗಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ, ಅದು ಸಾರ್ವಜನಿಕ ಟ್ರಸ್ಟ್‌ಗಳಿಗೆ.)

ವಿಲ್ಲೂ ಟ್ರಸ್ಟೂ ಎರಡೂ ಮುಟ್ಟಲಾಗದ ಒಂದು ಆಸ್ತಿ ನಮ್ಮವರ ಕೈಯಲ್ಲಿ ಸಾಕಷ್ಟಿದೆ. ಪಗಡಿ, ಅಂದರೆ ಮಾಲೀಕರಿಗೆ ಒಂದು ದೊಡ್ಡ ಮೊತ್ತ ಕೊಟ್ಟು ಬಾಡಿಗೆಗೆ ಹಿಡಿದ ಜಾಗ. ಗಿರ್‌ಗಾಂವ್‌ನ ಕೋಣೆ, ಫೋರ್ಟ್‌ನ ಹೋಟೆಲ್ ಗಾಳಾ (ಅಂಗಡಿ ಜಾಗ). ಲಕ್ಷಗಟ್ಟಲೆ ಪಗಡಿ ಕೊಟ್ಟಿದ್ದರೂ ಕಾನೂನಿನ ಕಣ್ಣಿಗೆ ನೀವು ಬಾಡಿಗೆದಾರರು. 1999ರ ಮಹಾರಾಷ್ಟ್ರ ರೆಂಟ್ ಕಂಟ್ರೋಲ್ ಆ್ಯಕ್ಟ್ ಪ್ರಕಾರ, ಬಾಡಿಗೆದಾರ ತೀರಿಕೊಂಡಾಗ ಜೊತೆಯಲ್ಲಿ ವಾಸವಿದ್ದ ಕುಟುಂಬದವರಿಗೆ ಕೋಣೆ ಹೋಗುತ್ತದೆ. ಅಂಗಡಿ, ಹೋಟೆಲ್ ಆದರೆ ಜೊತೆಯಲ್ಲಿ ವ್ಯಾಪಾರ ಮಾಡುತ್ತಿದ್ದ ಕುಟುಂಬದವರಿಗೆ. ಅದನ್ನು ವಿಲ್ ಬರೆದು ಕೊಡಲಾಗದು ಅಂತ ಹಳೇ ಬಾಂಬೆ ರೆಂಟ್ ಆ್ಯಕ್ಟ್ ಕೆಳಗೆ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ. ಹೋಟೆಲ್ ಮಗನಿಗೆ ಹೋಗಬೇಕೆಂದರೆ ಅವನು ಇವತ್ತೇ ಗಲ್ಲೆಯಲ್ಲಿ ಕೂರಬೇಕು, ಲೈಸೆನ್ಸು, ಪಾರ್ಟ್‌ನರ್‌ಶಿಪ್ ಕಾಗದಗಳಲ್ಲಿ ಅವನ ಹೆಸರು ಕಾಣಬೇಕು.

ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಮನೆತನಗಳಿಗೆ ಇನ್ನೊಂದು ಮಾತು. ಹೆಂಗಸರ ಹೆಸರಿನಲ್ಲಿ ಕೊಂಡರೆ ಸ್ಟಾಂಪ್ ಡ್ಯೂಟಿ ಒಂದು ಪರ್ಸೆಂಟ್ ಕಡಿಮೆ ಅಂತ ಮುಂಬೈಯಲ್ಲಿ ಎಷ್ಟೋ ಫ್ಲಾಟ್‌ಗಳು ಹೆಂಡತಿ ಹೆಸರಲ್ಲಿವೆ. ಬೇರೆ ಹಿಂದೂ ಕುಟುಂಬಗಳಲ್ಲಿ ಅವಳು ವಿಲ್ ಇಲ್ಲದೆ ತೀರಿಕೊಂಡರೆ ಗಂಡ, ಮಕ್ಕಳು ಸಮಪಾಲು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 17ನೇ ಕಲಮಿನಲ್ಲಿ ಅಳಿಯಸಂತಾನದವರಿಗೆ ಲೆಕ್ಕ ಬೇರೆ. ಮೊದಲ ಸಾಲಿನಲ್ಲಿ ಮಕ್ಕಳು ಮತ್ತು ಅವಳ ತಾಯಿ. ಗಂಡ ಎರಡನೇ ಸಾಲಿನಲ್ಲಿ, ಅವಳ ತಂದೆಯ ಜೊತೆ. ಕಂತು ಕಟ್ಟಿದ ಗಂಡನಿಗೆ ಕಾಯ್ದೆಯ ಮೊದಲ ಸಾಲಿನಲ್ಲಿ ಜಾಗವೇ ಇಲ್ಲ. ಬಂಟ, ಬಿಲ್ಲವ, ಮೊಗವೀರ ದಂಪತಿಗಳು ಇಬ್ಬರೂ ವಿಲ್ ಬರೆಯಿರಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಊರಿನ ಕುಟುಂಬದ ಆಸ್ತಿಯಲ್ಲಿರುವ ನಿಮ್ಮ ಪಾಲನ್ನೂ ವಿಲ್‌ನಲ್ಲಿ ಬರೆಯಲು 30ನೇ ಕಲಮು ಅವಕಾಶ ಕೊಟ್ಟಿದೆ. ಸರ್ವೆ ನಂಬರನ್ನು ಪಹಣಿ ನೋಡಿಯೇ ಬರೆಯಿರಿ, ನೆನಪಿನಿಂದ ಬೇಡ.

"ಹೌಸಿಂಗ್ ಸೊಸೈಟಿಯಲ್ಲಿ ನಾಮಿನಿ ಹಾಕಿದ್ದೇವೆ, ಸಾಕಲ್ವಾ?" ಸಾಲದು. ನಾಮಿನಿ ಅಂದರೆ ಸದ್ಯಕ್ಕೆ ಕೈಗೆ ತೆಗೆದುಕೊಳ್ಳುವವರು, ಮಾಲೀಕರಲ್ಲ. ಶೇರು, ಮ್ಯೂಚುವಲ್ ಫಂಡ್ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿತು. ಹಾಗಂತ ನಾಮಿನೇಷನ್ ಬಿಡಬೇಡಿ. ವಿಲ್‌ನಲ್ಲಿ ಯಾರ ಹೆಸರಿದೆಯೋ ಅವರನ್ನೇ ನಾಮಿನಿ ಮಾಡಿದರೆ ಅರ್ಧ ತಲೆನೋವು ಕಡಿಮೆ.

ಇನ್ನು ವಿಲ್ ಬರೆಯುವ ರೀತಿ. ಜನ ಮನೆಯಲ್ಲೇ ಬರೆದುಕೊಂಡು ಬರುವ ವಿಲ್‌ಗಳಲ್ಲಿ ನಾನು ಪದೇ ಪದೇ ನೋಡುವ ಸಾಲು ಇದು: "ನನ್ನ ನಂತರ ನನ್ನ ಫ್ಲಾಟ್ ಮಗ ಮತ್ತು ಮಗಳಿಗೆ ಸಮಪಾಲು." ನೋಡಲು ನ್ಯಾಯವಾಗಿದೆ. ಆದರೆ ಆ ಮನೆಯಲ್ಲಿ ಹೆಂಡತಿ ಇದ್ದಾಳಲ್ಲ? ಈ ಒಂದು ಸಾಲಿನಿಂದ ಅವಳು ಮಕ್ಕಳ ಮನೆಯಲ್ಲಿ ಅತಿಥಿ ಆಗುತ್ತಾಳೆ. ಮಗನಿಗೆ ಮಾರುವ ಅವಸರ, ಮಗಳಿಗೆ ಬೇಡ, ನಡುವೆ ತಾಯಿ. ನಾನು ಹೀಗೆ ಬರೆಸುತ್ತೇನೆ: "ಫ್ಲಾಟ್ ನನ್ನ ಹೆಂಡತಿಗೆ. ಅವಳು ನನಗಿಂತ ಮೊದಲು ತೀರಿಕೊಂಡಿದ್ದರೆ ಮಾತ್ರ ಮಗ, ಮಗಳಿಗೆ ಸಮಪಾಲು." ಪೂರ್ತಿ ಅವಳಿಗೆ ಕೊಡಲು ಮನಸ್ಸಿಲ್ಲದಿದ್ದರೆ, ಅವಳು ಬದುಕಿರುವವರೆಗೆ ಅಲ್ಲೇ ವಾಸಿಸುವ ಹಕ್ಕು ಅವಳಿಗಿದೆ, ಅವಳ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ ಅಂತಾದರೂ ಇರಲಿ. ಕೊನೆಗೆ ಇನ್ನೊಂದು ಸಾಲು ಬೇಕು: "ಇಲ್ಲಿ ಹೆಸರಿಸದ ನನ್ನ ಉಳಿದ ಎಲ್ಲ ಆಸ್ತಿ ಇಂಥವರಿಗೆ." ಇದು ಇಲ್ಲದಿದ್ದರೆ ವಿಲ್ ಬರೆದ ಮೇಲೆ ತೆರೆದ ಎಫ್‌ಡಿ ಹೊರಗೇ ಉಳಿಯುತ್ತದೆ.

ಸಾಕ್ಷಿಗಳು ಇಬ್ಬರು ಬೇಕು. ನಿಮ್ಮ ಸಹಿಗೆ ಅವರು ಸಾಕ್ಷಿ, ಒಳಗೆ ಏನಿದೆ ಅಂತ ಓದಬೇಕಿಲ್ಲ. ಆಸ್ತಿ ಪಡೆಯುವವರನ್ನಾಗಲಿ ಅವರ ಗಂಡ-ಹೆಂಡತಿಯನ್ನಾಗಲಿ ಸಾಕ್ಷಿ ಹಾಕಿಸಬೇಡಿ. ನಿಮ್ಮದೇ ವಯಸ್ಸಿನ ಸ್ನೇಹಿತರೂ ಬೇಡ, ಬೇಕಾದಾಗ ಅವರೂ ಇರಬೇಕಲ್ಲ. ಕಟ್ಟಡದಲ್ಲಿರುವ ನಲವತ್ತರ ಆಸುಪಾಸಿನವರು ಒಬ್ಬರು, ಫ್ಯಾಮಿಲಿ ಡಾಕ್ಟರ್ ಒಬ್ಬರು ಆದರೆ ಚೆನ್ನ. ಕನ್ನಡದಲ್ಲಿ ಬರೆದ ವಿಲ್ಲೂ ನಡೆಯುತ್ತದೆ. ಕೋರ್ಟ್‌ವರೆಗೆ ಹೋದರೆ ಭಾಷಾಂತರದ ಖರ್ಚು ಬರುತ್ತದೆ ಅಷ್ಟೇ. ಎಪ್ಪತ್ತು ದಾಟಿದವರು, ಮಕ್ಕಳಿಗೆ ಸಮನಾಗಿ ಹಂಚದವರು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ರಿಜಿಸ್ಟರ್ ಮಾಡಿಸುವುದು ಒಳ್ಳೆಯದು.

ವಿಲ್ಲನ್ನು ಜಾರಿ ಮಾಡುವ ಎಕ್ಸಿಕ್ಯೂಟರ್ ಆಗಿ ಅಮೆರಿಕದ ಮಗನನ್ನು ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಸೊಸೈಟಿ ಆಫೀಸಿಗೂ ಬ್ಯಾಂಕಿಗೂ ಓಡಾಡುವುದು ಮಾತ್ರ ಠಾಣೆ ನಗರದಲ್ಲಿರುವ ಮಗಳು. ಅವಳ ಹೆಸರೇ ಹಾಕಿ. ಅಸಲಿ ಪ್ರತಿ ಎಲ್ಲಿದೆ ಅಂತ ಇಬ್ಬರಿಗೂ ಹೇಳಿ. ನಿಮ್ಮೊಬ್ಬರ ಹೆಸರಿನ ಬ್ಯಾಂಕ್ ಲಾಕರ್‌ನಲ್ಲಂತೂ ಇಡಬೇಡಿ. ಅದನ್ನು ತೆರೆಯಲು ಬ್ಯಾಂಕಿನವರು ಕೇಳುವ ಕಾಗದ ಆ ಲಾಕರ್ ಒಳಗೇ ಇರುತ್ತದೆ.