ಐಕ್ಯೂ ಒಂದು ಕಡೆ, ಓದು ಇನ್ನೊಂದು ಕಡೆ: ಮಕ್ಕಳ ಟೆಸ್ಟ್ ರಿಪೋರ್ಟ್ ಇಷ್ಟು ಗೋಜಲಾದದ್ದು ಹೇಗೆ?

ಮಗುವಿಗೆ ಬುದ್ಧಿಶಕ್ತಿ ಪರೀಕ್ಷೆ, ಕಲಿಕೆಯ ಪರೀಕ್ಷೆ ಎರಡೂ ಆಗಿರುತ್ತವೆ. ಕೈಗೆ ಬರುವುದು ಅಂಕಿಗಳೇ ತುಂಬಿದ ರಿಪೋರ್ಟ್. ಓದುವವರ ಕಣ್ಣು ನೇರ ಹೋಗಿ ನಿಲ್ಲುವುದು ಒಟ್ಟು ಐಕ್ಯೂ ಮೇಲೆ. ಆ ಅಂಕಿಗೆ ಇಷ್ಟು ತೂಕ ಬಂದದ್ದರ ಹಿಂದೆ ನೂರು ವರ್ಷಕ್ಕೂ ಮೀರಿದ ಕಥೆ ಇದೆ.

1905ರಲ್ಲಿ ಪ್ಯಾರಿಸ್‌ನ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ ಮೊದಲ ಪರೀಕ್ಷೆ ರೂಪಿಸಿದ್ದು ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲು. ಬುದ್ಧಿ ಬದಲಾಗುವುದೇ ಇಲ್ಲ ಎಂಬುದನ್ನು ಬಿನೆ ಒಪ್ಪಿರಲಿಲ್ಲ. 1912ರಲ್ಲಿ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು, ಅಂದರೆ ಮಗು ಯಾವ ವಯಸ್ಸಿನವರ ಮಟ್ಟದಲ್ಲಿ ಉತ್ತರಿಸುತ್ತದೋ ಅದನ್ನು, ನಿಜವಾದ ವಯಸ್ಸಿನಿಂದ ಭಾಗಿಸುವ ಲೆಕ್ಕ ಕೊಟ್ಟರು. ಐಕ್ಯೂ ಹುಟ್ಟಿದ್ದು ಅಲ್ಲಿಂದ. 1949ರಲ್ಲಿ ಡೇವಿಡ್ ವೆಕ್ಸ್ಲರ್ ಅವರ ಮಕ್ಕಳ ಪರೀಕ್ಷೆ ಬಂತು. ಅದು ಮಗುವನ್ನು ಅದೇ ವಯಸ್ಸಿನ ಮಕ್ಕಳ ಜೊತೆ ಹೋಲಿಸುತ್ತದೆ. ಸರಾಸರಿ 100. ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರ ಒಳಗೇ ಬರುತ್ತಾರೆ.

ನಿಜವಾದ ಗೋಜಲು ಶುರುವಾದದ್ದು ಅಮೆರಿಕದಲ್ಲಿ. ಕಲಿಕೆಯ ತೊಂದರೆ ಇರುವ ಮಕ್ಕಳಿಗೂ ವಿಶೇಷ ಶಿಕ್ಷಣದ ಹಕ್ಕು ಇದೆ ಎಂದು 1975ರ ಕಾನೂನು ಹೇಳಿತು. ಆದರೆ ಯಾರಿಗೆ ತೊಂದರೆ ಇದೆ ಎಂದು ನಿರ್ಧರಿಸುವುದು ಹೇಗೆ? 1977ರ ನಿಯಮಗಳು ಒಂದು ದಾರಿ ತೋರಿಸಿದವು: ಬುದ್ಧಿಶಕ್ತಿಗೂ ಕಲಿಕೆಗೂ ನಡುವೆ ದೊಡ್ಡ ಅಂತರ ಇರಬೇಕು. ಎಷ್ಟು ದೊಡ್ಡದು ಎನ್ನುವುದು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಹೀಗಾಗಿ ಒಂದು ಕಡೆ ನೆರವು ಸಿಕ್ಕ ಮಗುವಿಗೆ ಊರು ಬದಲಿಸಿದರೆ ಸಿಗದೆ ಹೋಗಬಹುದಿತ್ತು.

ಮೇಲ್ನೋಟಕ್ಕೆ ಈ ಲೆಕ್ಕ ನ್ಯಾಯವಾಗಿಯೇ ಕಾಣುತ್ತದೆ. ತೊಂದರೆ ಇದ್ದದ್ದು ತರಗತಿಯಲ್ಲಿ. ಆರು ವರ್ಷದ ಮಗು ಅಕ್ಷರ ಕೂಡಿಸಿ ಓದಲು ಒದ್ದಾಡುತ್ತಿದೆ ಅಂದುಕೊಳ್ಳಿ. ಆ ವಯಸ್ಸಿನ ಉಳಿದವರಿಗೂ ಹೆಚ್ಚೇನು ಓದಲು ಬರದ ಕಾರಣ ಅಂತರ ಅಷ್ಟಾಗಿ ಕಾಣಿಸುವುದಿಲ್ಲ. ಅಂತರ ಸಾಕಷ್ಟು ದೊಡ್ಡದಾಗುವ ತನಕ ಕಾಯಬೇಕು. ಅಂದರೆ ಮಗು ಇನ್ನಷ್ಟು ಹಿಂದೆ ಬೀಳಬೇಕು! ಓದಲು ಬಾರದ ಹುಡುಗಿಯ ಐಕ್ಯೂ ಕೂಡ ಸ್ವಲ್ಪ ಕಡಿಮೆಯಿದ್ದರೆ ಅಂತರವೇ ಹುಟ್ಟುವುದಿಲ್ಲ, ನೆರವೂ ಇಲ್ಲ. ಅಂತರ ಇರುವ ಮತ್ತು ಇಲ್ಲದ ಮಕ್ಕಳು ಪದ ಓದುವಾಗ ಎಡವುವುದು ಹೆಚ್ಚುಕಡಿಮೆ ಒಂದೇ ಕಡೆ, ಅಂದರೆ ಪದದೊಳಗಿನ ಸದ್ದುಗಳನ್ನು ಬಿಡಿಸುವಲ್ಲಿ ಎಂದು 1990ರ ದಶಕದ ಸಂಶೋಧನೆಗಳು ತೋರಿಸಿದವು. ಆದರೂ ಲೆಕ್ಕ ಬದಲಾಗಲು ಬಹಳ ಕಾಲ ಹಿಡಿಯಿತು. 2004ರ ತಿದ್ದುಪಡಿ ಬಂದ ಮೇಲೆ ಈ ಅಂತರ ಇರಲೇಬೇಕು ಎಂದು ರಾಜ್ಯಗಳು ಒತ್ತಾಯಿಸುವಂತಿಲ್ಲ. ಮಗುವಿಗೆ ಮೊದಲು ಒಳ್ಳೆಯ ಪಾಠ ಕೊಟ್ಟು, ಅದು ಹೇಗೆ ಮುಂದೆ ಬರುತ್ತದೆ ಎಂದು ನೋಡುವ ದಾರಿಗೂ ಜಾಗ ಸಿಕ್ಕಿತು. ಹಳೆಯ ದಾರಿ ಪೂರ್ತಿ ಮುಚ್ಚಲಿಲ್ಲ. ಈಗಲೂ ಎರಡೂ ಅಕ್ಕಪಕ್ಕ ಇವೆ, ಗೊಂದಲ ಉಳಿದಿರುವುದೂ ಇದರಿಂದಲೇ.

ಅಷ್ಟರಲ್ಲಿ ಪರೀಕ್ಷೆಯೂ ಬದಲಾಗಿತ್ತು. 2014ರ ವೆಕ್ಸ್ಲರ್ ಆವೃತ್ತಿ ಐದು ಸೂಚ್ಯಂಕಗಳನ್ನು ಕೊಡುತ್ತದೆ: ಮಾತಿನ ಗ್ರಹಿಕೆ, ಕಣ್ಣಿಗೆ ಕಂಡದ್ದನ್ನು ಜೋಡಿಸುವುದು, ಹೊಸ ಸಮಸ್ಯೆ ಬಿಡಿಸುವುದು, ಕೆಲಸದ ನೆನಪು (ವಿಷಯವನ್ನು ಸ್ವಲ್ಪ ಹೊತ್ತು ತಲೆಯಲ್ಲಿಟ್ಟುಕೊಂಡು ಬಳಸುವುದು), ಸರಳ ಕೆಲಸ ಮಾಡಿ ಮುಗಿಸುವ ವೇಗ. ಉದಾಹರಣೆಗೆ, ಮಾತಿನ ಗ್ರಹಿಕೆ 121, ವೇಗ 79, ಒಟ್ಟು 97 ಬಂದ ಮಗುವನ್ನು ನೋಡಿ. 97 ಅಂದರೆ ಸರಾಸರಿ, ಚಿಂತೆಯಿಲ್ಲ ಅನ್ನಿಸುತ್ತದೆ ಅಲ್ವಾ? ಆದರೆ 121 ಅಂದರೆ ನೂರು ಮಕ್ಕಳಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗಿಂತ ಮೇಲೆ. 79 ಅಂದರೆ ಕೇವಲ ಏಳೆಂಟು ಮಂದಿಗಿಂತ ಮೇಲೆ. ಇಷ್ಟು ವ್ಯತ್ಯಾಸ ಇರುವಾಗ 97 ಆ ಮಗುವಿನ ಯಾವ ಭಾಗವನ್ನೂ ಸರಿಯಾಗಿ ಹೇಳುವುದಿಲ್ಲ.

ಪರ್ಸೆಂಟೈಲ್ ಎಂಬ ಸಾಲು ಕೂಡ ದಾರಿ ತಪ್ಪಿಸುತ್ತದೆ. 42ನೇ ಪರ್ಸೆಂಟೈಲ್ ಅಂದರೆ ನೂರಕ್ಕೆ 42 ಅಂಕ ಅಲ್ಲ, ನೂರು ಮಕ್ಕಳಲ್ಲಿ ಸುಮಾರು 42 ಮಂದಿಗಿಂತ ಮೇಲೆ ಎಂದು. ಅದು ಸರಾಸರಿಯ ಒಳಗೇ ಇದೆ. ಜೊತೆಗೆ ಪ್ರತಿ ಸ್ಕೋರ್ ಆಚೀಚೆ ಒಂದಷ್ಟು ಅಂಕ ಓಲಾಡುತ್ತದೆ. ಆ ವ್ಯಾಪ್ತಿಯನ್ನು ರಿಪೋರ್ಟ್‌ನಲ್ಲೇ ಬರೆದಿರುತ್ತಾರೆ.

ಅದೇ ಮಗುವಿನ ಕಲಿಕೆಯ ಪರೀಕ್ಷೆಯಲ್ಲಿ ಓದಿ ಅರ್ಥ ಮಾಡಿಕೊಳ್ಳುವುದು 108, ಓದಿನ ಓಟ (ತಡವರಿಸದೆ ಸರಾಗವಾಗಿ ಓದುವುದು) 80 ಬಂದಿದೆ ಎನ್ನೋಣ. ವೇಗದ 79ರ ಪಕ್ಕ ಇದನ್ನಿಟ್ಟರೆ ಎರಡೂ ಒಂದೇ ಕಡೆ ಬೆರಳು ತೋರಿಸುತ್ತವೆ. ಮಗುವಿಗೆ ಓದಿದ್ದು ಅರ್ಥವಾಗುತ್ತದೆ, ಆದರೆ ಓದಿ ಮುಗಿಸಲು ಹೊತ್ತು ಬೇಕು. ಹಾಗಾದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮತ್ತು ಸರಾಗವಾಗಿ ಓದುವ ಅಭ್ಯಾಸ, ಶಾಲೆಯ ಮುಂದೆ ಮೊದಲು ಇಡಬೇಕಾದ ಬೇಡಿಕೆ ಇವೆರಡು.